ನಮ್ಮ ಗಾಡಿ ನಾವೇ ಹೊಡೆಯುವುದು

ಕಾರು ಬಾಡಿಗೆಗೆ ಹಿಡಿದು ದ್ವೀಪ ಸುತ್ತುವುದು ಉಳ್ಳವರ ಶೋಕಿ ಎಂದು ನಮಗೆ ಹೇಳಿದವರು ಉಳ್ಳವರಲ್ಲ, ನಮ್ಮ ಸಂಗಾತಿಗಳೇ. "ಎಂತ ಮಾರಾಯ್ರೆ, ಸಂಘಟನೆ ಬಿಟ್ಟು ಟೂರು ಹೊರಟ್ರಾ?" ಅಂದರು. ಕೇಳಬೇಕಾದ ಮಾತೇ. ಉತ್ತರ ಕೊಡಬೇಕಾದದ್ದು ನಮ್ಮ ಕರ್ತವ್ಯ. ಅದಕ್ಕೇ ಇದನ್ನು ಬರೆಯುತ್ತಿದ್ದೇವೆ.

ನಾವು ನಾಲ್ವರು. ಇಬ್ಬರು ಪ್ರಾಥಮಿಕ ಶಾಲೆಯ ಮಾಸ್ತರರು, ಒಬ್ಬ ಬಾಡಿಗೆ ಜೀಪು ಓಡಿಸುವವನು, ಒಬ್ಬಳು ರಬ್ಬರ್ ಟ್ಯಾಪಿಂಗ್ ಮಾಡುವವಳು. ಸುಳ್ಯ, ಪುತ್ತೂರು ಕಡೆಯ ಸರ್ಕಾರಿ ರಬ್ಬರ್ ತೋಟಗಳ ಕಾಲೊನಿಯಲ್ಲಿ ಹುಟ್ಟಿದವರು. ಇಲ್ಲಿನವರು ನಮ್ಮ ಹಿರಿಯರನ್ನು 'ಸಿಲೋನಿನವರು' ಅನ್ನುತ್ತಾರೆ. ಸಿಲೋನಿನಲ್ಲಿ ಅವರನ್ನು 'ಇಂಡಿಯಾದವರು' ಅನ್ನುತ್ತಿದ್ದರು. ಎರಡು ದೇಶಗಳು ಸೇರಿ ಎರಡೂ ಕಡೆ ನಮ್ಮನ್ನು ಹೊರಗಿನವರನ್ನಾಗಿ ಮಾಡಿದವು.

ಗೆಳೆಯರೇ, ಈ ಕತೆ ಪಠ್ಯಪುಸ್ತಕದಲ್ಲಿಲ್ಲ. 1820ರ ದಶಕದಿಂದ ಬ್ರಿಟಿಷರು ತಮಿಳುನಾಡಿನ ಬರಗಾಲದ ಊರುಗಳಿಂದ ಕೂಲಿಗಳನ್ನು ಸಿಲೋನಿಗೆ ಸಾಗಿಸಿದರು. ಅವರಲ್ಲಿ ದೊಡ್ಡ ಪಾಲು ಹೊಲಗೇರಿಗಳ ಜನ. ಮನ್ನಾರ್ ದಡದಲ್ಲಿ ಇಳಿಸಿ ಕಾಡಿನ ದಾರಿಯಲ್ಲಿ ಮಾತಳೆಯ ಬೆಟ್ಟದ ತನಕ ನಡೆಸಿದರು. ಕಾಲರಾ, ಹಸಿವು, ಜ್ವರಕ್ಕೆ ದಾರಿಯಲ್ಲೇ ಸತ್ತವರ ಲೆಕ್ಕ ಯಾರು ಇಟ್ಟಿದ್ದಾರೆ? 1869ರಲ್ಲಿ ಬಂದ ಎಲೆ ರೋಗಕ್ಕೆ ಕಾಫಿ ಹಾಳಾಯಿತು, ಚಹಾ ಬಂತು. ಬೆಳೆ ಬದಲಾಯಿತು, ಕೂಲಿ ಬದಲಾಗಲಿಲ್ಲ. 1948ರಲ್ಲಿ ದ್ವೀಪಕ್ಕೆ ಸ್ವಾತಂತ್ರ್ಯ ಬಂತು. ಅದೇ ವರ್ಷ ಬಂದ ಪೌರತ್ವ ಕಾನೂನು ಈ ಜನರನ್ನು ಯಾವ ದೇಶಕ್ಕೂ ಸೇರದವರನ್ನಾಗಿ ಮಾಡಿತು. 1964ರಲ್ಲಿ ಶಾಸ್ತ್ರಿಯವರೂ ಸಿರಿಮಾವೋ ಅವರೂ ಕೂತು ಒಪ್ಪಂದ ಬರೆದರು. 5,25,000 ಜನ ಇಂಡಿಯಾಕ್ಕೆ, 3,00,000 ಜನ ಅಲ್ಲಿಗೆ. ಉಳಿದ ಒಂದೂವರೆ ಲಕ್ಷವನ್ನು 1974ರಲ್ಲಿ ಅರ್ಧರ್ಧ ಮಾಡಿದರು. ಸಂತೆಯಲ್ಲಿ ಕುರಿ ಹಂಚಿದ ಹಾಗೆ. ಕುರಿಯನ್ನು ಯಾರಾದರೂ ಕೇಳುತ್ತಾರೆಯೆ?

ನಮ್ಮಲ್ಲೊಬ್ಬನ ಅಜ್ಜಿ, ನಾವೆಲ್ಲ ಪಾಟಿ ಅನ್ನುತ್ತೇವೆ, ತಲೈಮನ್ನಾರಿನಿಂದ ಹಡಗು ಹತ್ತಿ ರಾಮೇಶ್ವರಕ್ಕೆ ಬಂದವಳು. ಮಂಡಪಂ ಕ್ಯಾಂಪಿನಲ್ಲಿ ಹೆಸರು ಬರೆಸಿಕೊಂಡು, ಅಲ್ಲಿಂದ ಸುಳ್ಯದ ಕಾಡಿಗೆ. ಅವಳ ತಂಗಿ ಅಲ್ಲೇ ಉಳಿದಳು. ಒಂದೇ ತಾಯಿಯ ಮಕ್ಕಳು, ಒಂದೇ ಲೈನ್ ಮನೆಯಲ್ಲಿ ಬೆಳೆದವರು, ಎರಡು ದೇಶದ ಪಾಲಾದರು. ಬಂಡಾರವೆಲದ ಅಂಚೆ ಮುದ್ರೆ ಇರುವ ಆರು ಕಾಗದಗಳು ಪಾಟಿಯ ಟ್ರಂಕಿನಲ್ಲಿವೆ. 1983ರ ಗಲಭೆಯ ನಂತರ ಏಳನೆಯದು ಬರಲಿಲ್ಲ.

ಇನ್ನು ಕಾಗದದ ಮಾತು. ನಮ್ಮ ಟ್ಯಾಪಿಂಗ್ ಅಕ್ಕನ ಮಗಳು ಪಿಯುಸಿ ಮುಗಿಸಿದ್ದಾಳೆ. ಜಾತಿ ಪ್ರಮಾಣಪತ್ರ ಕೇಳಲು ಹೋದರೆ ಕಚೇರಿಯಲ್ಲಿ "ನಿಮ್ಮ ಮೂಲ ಇಲ್ಲಿ ಅಲ್ಲ, ಮೂಲದಿಂದ ತನ್ನಿ" ಅಂದರು. ಮೂಲ ಅಂದರೆ ಯಾವುದು? ತಮಿಳುನಾಡಿನ ಊರು ಬಿಟ್ಟು ನೂರು ವರ್ಷ ದಾಟಿದೆ, ಊರಿನ ಹೆಸರೂ ಮನೆಯಲ್ಲಿ ಯಾರಿಗೂ ಸರಿಯಾಗಿ ಗೊತ್ತಿಲ್ಲ. ಪೇಟೆಯಲ್ಲಿ ಮನೆ ಬಾಡಿಗೆ ಕೇಳಿದರೆ ನಮ್ಮ ಜಾತಿ ಎಲ್ಲರಿಗೂ ಕಾಣುತ್ತದೆ. ಕಾಗದ ಕೇಳಿದರೆ ಮಾತ್ರ ಯಾರ ಕಣ್ಣಿಗೂ ಕಾಣುವುದಿಲ್ಲ! ತೋಟದ ಹಳೇ ಚೆಕ್‌ರೋಲಿನಲ್ಲೋ ಜನನ ದಾಖಲೆಯಲ್ಲೋ ಮುತ್ತಜ್ಜನ ಊರಿನ ಹೆಸರು ಇದ್ದರೆ ಅದನ್ನು ಬರೆದುಕೊಂಡು ಬರಬೇಕು. ನಮ್ಮ ಟೂರಿನ ಒಂದು ಕಾರಣ ಇದು. ಇನ್ನೊಂದು, ಪಾಟಿಯ ತಂಗಿಯ ಮಕ್ಕಳನ್ನು ಹುಡುಕುವುದು. ಮೂರನೆಯದನ್ನೂ ಮುಚ್ಚಿಡುವುದಿಲ್ಲ: ನಮಗೆ ಸಮುದ್ರ ನೋಡುವ ಆಸೆ. ದಲಿತರು ಊರು ಬಿಟ್ಟರೆ ಗುಳೆ, ಮೇಲಿನವರು ಬಿಟ್ಟರೆ ಪ್ರವಾಸ ಎಂದು ಯಾವ ಶಾಸ್ತ್ರ ಬರೆದಿದೆ? ಬರೆದಿದ್ದರೆ ಅದನ್ನೂ ಸುಡೋಣ.

ಹೋಗುವುದು ಮೇ ತಿಂಗಳಲ್ಲಿ. ಮಾಸ್ತರರಿಗೆ ರಜೆ ಇರುವುದು ಆಗಲೇ. ಆ ದ್ವೀಪಕ್ಕೆ ಎರಡು ಮಳೆಗಾಲ. ಮೇಯಿಂದ ಸೆಪ್ಟೆಂಬರ್ ತನಕ ನೈಋತ್ಯ ಮಳೆ ಕೊಲಂಬೊ, ಗಾಲೆ, ಪಶ್ಚಿಮದ ಬೆಟ್ಟಗಳನ್ನು ತೋಯಿಸುತ್ತದೆ. ಆಗ ಬಟ್ಟಿಕಲೋವಾ, ಟ್ರಿಂಕೋಮಲಿ ಕಡೆ ಒಣ ಬಿಸಿಲು. ಡಿಸೆಂಬರಿನಿಂದ ಫೆಬ್ರವರಿವರೆಗೆ ಈಶಾನ್ಯ ಮಳೆ, ಆಗ ಪೂರ್ವ ತೋಯುತ್ತದೆ, ದಕ್ಷಿಣ ದಡಕ್ಕೆ ವಿದೇಶಿಯರು ಬರುತ್ತಾರೆ. ಅದಕ್ಕೆ 'ಸೀಸನ್' ಎನ್ನುತ್ತಾರೆ. ಮೇ ತಿಂಗಳು ಗಾಲೆ ಕಡೆಗೆ ಆಫ್ ಸೀಸನ್, ರೂಮಿನ ದರ ಇಳಿದಿರುತ್ತದೆ. ನಮಗೆ ಬೇಕಾದದ್ದೂ ಅದೇ. ಆದರೆ ಈ ಮಾತು ಯಾರದು ಎಂದು ಯೋಚಿಸಿ ನೋಡಿ. ಮಳೆ ಹಿಡಿದರೆ ರಬ್ಬರಿನವರಿಗೆ ಟ್ಯಾಪಿಂಗ್ ಇಲ್ಲ, ಕೂಲಿ ಇಲ್ಲ. ಚಹಾದವರು ಅದೇ ಮಳೆಯಲ್ಲಿ ಪ್ಲಾಸ್ಟಿಕ್ ಸುತ್ತಿಕೊಂಡು ಎಲೆ ಕೀಳಬೇಕು. ದುಡಿಯುವವರಿಗೆ ಆಫ್ ಸೀಸನ್ ಅಂದರೆ ಹೊಟ್ಟೆಗೆ ಇಲ್ಲದ ಕಾಲ, ಇಲ್ಲವೇ ಮೈ ತೋಯುವ ಕಾಲ.

ಶ್ರೀಲಂಕಾ 65,610 ಚದರ ಕಿಲೋಮೀಟರ್. ನಮ್ಮ ಕರ್ನಾಟಕದ ಮೂರನೇ ಒಂದು ಪಾಲು. ಎರಡು ವಾರದಲ್ಲಿ ಸುತ್ತಬಹುದು ಎಂದು ನಕ್ಷೆ ಹರಡಿದೆವು. ದಡ ಹಿಡಿದು ಪೂರ್ತಿ ಸುತ್ತಲು ಆಗುವುದಿಲ್ಲ, ಆಗ್ನೇಯಕ್ಕೆ ಯಾಲ ಕಾಡು, ವಾಯವ್ಯಕ್ಕೆ ವಿಲ್ಪತ್ತು ಕಾಡು ಅಡ್ಡ. ಹಾಗಾಗಿ ಕೊಲಂಬೊ, ಗಾಲೆ, ಮಾತರ, ಹಂಬಂತೋಟ ದಾಟಿ ವೆಲ್ಲವಾಯದಿಂದ ಬೆಟ್ಟ ಹತ್ತುವುದು. ಹಪುತಲೆ, ಬಂಡಾರವೆಲದಲ್ಲಿ ನಾಲ್ಕು ದಿನ. ಇಳಿದು ಬಟ್ಟಿಕಲೋವಾ, ಟ್ರಿಂಕೋಮಲಿ, ವವುನಿಯ, ಜಾಫ್ನಾ. ಅಲ್ಲಿಂದ ಮನ್ನಾರ್, ತಲೈಮನ್ನಾರ್. ಕೊನೆಗೆ ಅನುರಾಧಪುರ, ಪುತ್ತಲಂ ಮೇಲೆ ವಾಪಸು.

ವೆಲ್ಲವಾಯದಿಂದ ಹತ್ತುವ ದಾರಿಯಲ್ಲಿ ಕೊಸ್ಲಂದ ಬರುತ್ತದೆ. ಅದರ ಹತ್ತಿರ ಮೀರಿಯಬೆದ್ದದಲ್ಲಿ 2014ರ ಅಕ್ಟೋಬರ್ 29ರಂದು ಗುಡ್ಡ ಕುಸಿದು ಕೂಲಿಗಳ ಲೈನ್ ಮನೆಗಳು ಮಣ್ಣಿನಡಿ ಹೋದವು. 2025ರ ನವೆಂಬರ್ ಕೊನೆಯಲ್ಲಿ ದಿತ್ವಾ ಚಂಡಮಾರುತ ಬಂದಾಗ ಇದೇ ಬೆಟ್ಟಸೀಮೆಯಲ್ಲಿ ಮತ್ತೆ ಗುಡ್ಡಗಳು ಕುಸಿದವು, ದ್ವೀಪದಲ್ಲಿ ನೂರಾರು ಜನ ಸತ್ತರು. ಬಂಗಲೆಗೆ ಗಟ್ಟಿ ನೆಲ, ಲೈನಿಗೆ ಇಳಿಜಾರು. ನಮ್ಮ ಊರುಗಳಲ್ಲಿ ಕೇರಿ ಎಲ್ಲಿರುತ್ತದೆ ಎಂದು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಳೆ ಜೋರಾದ ದಿನ ಆ ರಸ್ತೆ ಹತ್ತುವುದಿಲ್ಲ, ಅಲ್ಲಿಯ ಜನರನ್ನು ಕೇಳಿಯೇ ಹತ್ತುವುದು ಎಂದು ಬರೆದಿಟ್ಟಿದ್ದೇವೆ.

ಕಾರಿನ ವಿಷಯಕ್ಕೆ ದೊಡ್ಡ ಚರ್ಚೆಯೇ ಆಯಿತು. ಅಲ್ಲಿ ಡ್ರೈವರ್ ಸಮೇತ ಕಾರು ಹಿಡಿಯುವುದು ವಾಡಿಕೆ. ಟ್ರಾವೆಲ್ಸಿನವನೂ "ಡ್ರೈವರಿಗೆ ಮಲಗ್ಲಿಕ್ಕೆ ಹೋಟೆಲಿನವರೇ ಬೇರೆ ಜಾಗ ಕೊಡ್ತಾರೆ, ನಿಮಗೆ ತೊಂದರೆ ಇಲ್ಲ" ಎಂದ. ನಮ್ಮ ಜೀಪಿನವನು ತಲೆ ಎತ್ತಿ, "ಆ ಬೇರೆ ಜಾಗದಲ್ಲಿ ನಾನು ಹದಿನೈದು ವರ್ಷ ಮಲಗಿದ್ದೇನೆ. ನಿಮಗೆ ತೊಂದರೆ ಇಲ್ಲ, ನನಗುಂಟು" ಅಂದ. ಚರ್ಚೆ ಅಲ್ಲಿಗೆ ಮುಗಿಯಿತು. ಕಾರು ಮಾತ್ರ ಬಾಡಿಗೆಗೆ, ಓಡಿಸುವುದು ನಾವೇ. ಅಲ್ಲಿಯೂ ರಸ್ತೆಯ ಎಡಕ್ಕೇ ಓಡಿಸುವುದು. ನಮ್ಮ ಲೈಸೆನ್ಸ್ ಒಂದೇ ಸಾಲದು, ಅಲ್ಲಿನ ಅನುಮತಿ ಕಾಗದವೂ ಬೇಕು. ಕಾರಿಗೆ ಮುಂಚಿನಿಂದಲೇ ಇರುವ ಗೀರು, ನೆಗ್ಗುಗಳನ್ನೆಲ್ಲ ಫೋಟೋ ಹಿಡಿದಿಟ್ಟುಕೊಳ್ಳಬೇಕು. ಬಡವನ ಮೇಲೆ ಲೆಕ್ಕ ಹೊರಿಸುವುದು ಎಲ್ಲ ದೇಶದಲ್ಲೂ ಸುಲಭ.

ಬಾಬಾಸಾಹೇಬರು 'ವೇಟಿಂಗ್ ಫಾರ್ ಎ ವೀಸಾ'ದಲ್ಲಿ ಬರೆದಿದ್ದಾರೆ. 1901ರಲ್ಲಿ, ಅವರು ಹುಡುಗ. ಅಣ್ಣನ ಜೊತೆ ಕೋರೆಗಾಂವಿಗೆ ತಂದೆಯನ್ನು ನೋಡಲು ಹೊರಟು ಮಸೂರ್ ಸ್ಟೇಷನ್ನಿನಲ್ಲಿ ಇಳಿದಾಗ, ಇವರು ಮಹಾರ್ ಎಂದು ತಿಳಿದು ಯಾವ ಗಾಡಿಯವನೂ ಹತ್ತಿಸಲಿಲ್ಲ. ಕೊನೆಗೆ ಒಬ್ಬ ಒಪ್ಪಿದ: ಎರಡರಷ್ಟು ಬಾಡಿಗೆ, ಗಾಡಿ ಮಕ್ಕಳೇ ಹೊಡೆಯಬೇಕು, ತಾನು ನಡೆದು ಬರುತ್ತೇನೆ. 1929ರಲ್ಲಿ, ವಿದೇಶದಲ್ಲಿ ಓದಿ ಬ್ಯಾರಿಸ್ಟರ್ ಆಗಿ ಬಂದ ಮೇಲೂ, ಚಾಳೀಸಗಾಂವಿನಲ್ಲಿ ಟಾಂಗಾದವರು ಅವರನ್ನು ಕೂರಿಸಿಕೊಳ್ಳಲಿಲ್ಲ. ಟಾಂಗಾ ಹೊಡೆದು ಗೊತ್ತಿಲ್ಲದ ನಮ್ಮವನೊಬ್ಬ ಹೊಡೆದ, ಗಾಡಿ ಅಪಘಾತವಾಗಿ ಬಾಬಾಸಾಹೇಬರ ಕಾಲು ಮುರಿಯಿತು. ಅದೇ ಬಾಬಾಸಾಹೇಬರು 1950ರಲ್ಲಿ ಬೌದ್ಧ ಸಮ್ಮೇಳನಕ್ಕೆಂದು ಇದೇ ದ್ವೀಪಕ್ಕೆ ಹೋಗಿದ್ದರು. 'ಸೆಲ್ಫ್ ಡ್ರೈವ್' ಎಂಬುದು ಇಂದಿನವರಿಗೆ ಮೋಜು. ನಮ್ಮ ಚರಿತ್ರೆಯಲ್ಲಿ ಅದು ಮೊದಲು ಬಂದದ್ದು ಶಿಕ್ಷೆಯಾಗಿ. ಈಗ ಅದನ್ನು ನಮ್ಮ ಇಷ್ಟದಿಂದ ಮಾಡುತ್ತೇವೆ.

ಜಾಫ್ನಾದಲ್ಲಿ ಎರಡು ಜಾಗ ನೋಡಬೇಕು. 1981ರಲ್ಲಿ ಸುಟ್ಟ, ಮತ್ತೆ ಕಟ್ಟಿದ ಗ್ರಂಥಾಲಯ ಒಂದು. ಮಾವಿಟ್ಟಪುರದ ಕಂದಸ್ವಾಮಿ ಗುಡಿ ಇನ್ನೊಂದು. 1968ರಲ್ಲಿ ಅದರ ಬಾಗಿಲಲ್ಲಿ ದಲಿತರು ಪ್ರವೇಶಕ್ಕಾಗಿ ಹೋರಾಡಿದರು. ತಮಿಳರನ್ನು ತುಳಿದವರು ಸಿಂಹಳೀಯರು ಮಾತ್ರ ಎಂದು ಹೇಳುವವರು ಆ ಬಾಗಿಲನ್ನು ನೋಡಿ ಬರಲಿ. ನಮ್ಮಲ್ಲಿ 1970ರ ದಶಕದಲ್ಲಿ 'ಪಂಚಮ' ಪತ್ರಿಕೆ ಬಂತು. ಅದೇ ದಶಕದಲ್ಲಿ, 1972ರಲ್ಲಿ, ಅಲ್ಲಿ ಕೆ. ಡೇನಿಯಲ್ 'ಪಂಚಮರ್' ಎಂಬ ಕಾದಂಬರಿ ತಂದರು. ಕಡಲಿನ ಈಚೆಗೂ ಆಚೆಗೂ ಹೆಸರು ಒಂದೇ, ಗಾಯ ಒಂದೇ.

ತಲೈಮನ್ನಾರಿನಲ್ಲಿ ಒಂದು ರಾತ್ರಿ. 2023ರಲ್ಲಿ, ಹಿರಿಯರು ಬಂದು 200 ವರ್ಷವಾಯಿತೆಂದು, ಮಲೆನಾಡಿನ ತಮಿಳರು ಅಲ್ಲಿಂದ ಮಾತಳೆವರೆಗೆ ನಡೆದರು. ತಮ್ಮ ಗೌರವಕ್ಕಾಗಿ, ನೆಲಕ್ಕಾಗಿ ನಡೆದರು. ನಾವು ಆ ದಾರಿಯಲ್ಲಿ ಒಂದು ದಿನವಾದರೂ ಕಾರು ನಿಲ್ಲಿಸಿ ನಡೆಯುತ್ತೇವೆ.

ಪಾಟಿಯನ್ನೂ ಕರೆದೆವು. ಕಾರಿನಲ್ಲಿ ಐದನೇ ಸೀಟು ಇದೆ. "ನಾನು ಬರುದಿಲ್ಲ ಮಗಾ" ಎಂದಳು. "ಒಂದ್ಸಲ ಹೊರಗೆ ಹಾಕಿದವರ ಬಾಗಿಲಿಗೆ ಪುನಃ ಹೋಗ್ಲಿಕ್ಕಿಲ್ಲ. ನೀವು ಹೋಗಿ. ಬಂಗಲೆ ನೋಡ್ಬೇಡಿ, ಲೈನು ನೋಡಿ. ಎಲೆ ಕೀಳುವವರ ಫೋಟೋ ಹಿಡಿಬೇಡಿ, ಅವರಿಗೆ ಕೂಲಿ ಎಷ್ಟೂಂತ ಕೇಳಿ."

ಹಾಗೆಯೇ ಕೇಳುತ್ತೇವೆ. ಇದನ್ನು ಓದುವ ಮಾಸ್ತರರಲ್ಲಿ ಒಂದು ವಿನಂತಿ. ನಿಮ್ಮ ತರಗತಿಯಲ್ಲಿ ರಬ್ಬರ್ ಕಾಲೊನಿಯ ಮಕ್ಕಳಿದ್ದರೆ ಅವರ ಮನೆಗೆ ಹೋಗಿ. ಹಳೇ ಫ್ಯಾಮಿಲಿ ಕಾರ್ಡು, ಹಡಗಿನ ಚೀಟಿ, ತೋಟದ ಕಾಗದ ಏನಿದ್ದರೂ ಗೆದ್ದಲು ಹಿಡಿಯುವ ಮೊದಲು ನಕಲು ಮಾಡಿ. ತೋಟದ ಹೆಸರು ಗೊತ್ತಿದ್ದರೆ ಏಪ್ರಿಲ್ ಒಳಗೆ ನಮಗೆ ಮುಟ್ಟಿಸಿ. ಐದನೇ ಸೀಟಿನಲ್ಲಿ ಆ ಕಾಗದಗಳನ್ನು ಇಟ್ಟುಕೊಂಡು ಹೋಗುತ್ತೇವೆ.