ಬರಿಗಾಲಿನ ಬೂಟು

ನಮ್ಮ ಕವಿಗಳಿಗೆ ಪಾದವೆಂದರೆ ಕಮಲ. ಚರಣಕಮಲ, ಪಾದಪದ್ಮ, ಅಡಿದಾವರೆ: ಹೆಸರು ಮೂರು, ಹೂವು ಒಂದೇ. ಕನ್ನಡ ತರಗತಿಯಲ್ಲಿ ಇಂಥ ಪದ ಬಂದಾಗಲೆಲ್ಲ ನಾನು ಮೆಲ್ಲಗೆ ಕಾಲನ್ನು ಬೆಂಚಿನ ಕೆಳಕ್ಕೆ ಎಳೆದುಕೊಳ್ಳುತ್ತೇನೆ. ನನ್ನ ಪಾದವನ್ನೂ ಆ ಕೊಳದಲ್ಲಿಯೇ ಹುಡುಕಬೇಕೆಂದಿದ್ದರೆ ಹೂವಿನ ಬಳಿ ಹೋಗಬಾರದು. ನೀರಿನ ಮೇಲೆ ಹರಡಿಕೊಂಡ ಎಲೆಯನ್ನು ನೋಡಬೇಕು. ಉದ್ದ 24 ಸೆಂಟಿಮೀಟರು. ಬೆರಳುಗಳ ಬುಡದಲ್ಲಿ ಅಗಲ 10.3. ಹೆಬ್ಬೆರಳಿಗೂ ಅದರ ಪಕ್ಕದ ಬೆರಳಿಗೂ ನಡುವೆ ಒಂದು ಪೆನ್ಸಿಲು ನಿಲ್ಲುತ್ತದೆ. ಹಾಸ್ಟೆಲಿನಲ್ಲಿ ನನಗೆ ಇಟ್ಟಿರುವ ಹೆಸರು 'ಗಜಗಮನೆ'. ಹೆಸರಿಟ್ಟ ಗೆಳತಿ ಸಂಸ್ಕೃತ ಓದಿದವಳು. ಅದು ಹೊಗಳಿಕೆಯೆಂದು ಈಗಲೂ ವಾದಿಸುತ್ತಾಳೆ.

ಶಿರಾ ಸೀಮೆಯ ನಮ್ಮೂರಿನಲ್ಲಿ ಈ ಪಾದದಿಂದ ನನಗೆ ಯಾವ ತೊಂದರೆಯೂ ಇರಲಿಲ್ಲ. ಶಾಲೆಯಲ್ಲಿ ಕೊಟ್ಟ ಕಪ್ಪು ಬೂಟು ದಾರಿಯಲ್ಲಿ ಚೀಲದೊಳಗಿರುತ್ತಿತ್ತು. ಪ್ರಾರ್ಥನೆಯ ಹೊತ್ತಿಗೆ ಕಾಲಿಗೆ ಬರುತ್ತಿತ್ತು. ಅಜ್ಜಿಯಂತೂ "ನೆಲ ಹಿಡಿದು ನಿಲ್ಲೋ ಕಾಲು ಕಣೆ" ಎಂದು ಹೆಮ್ಮೆಪಡುತ್ತಿದ್ದಳು. ಕಾಲೇಜಿಗೆ ಸೇರಿದ ಮೇಲೆ ನೆಲ ಹಿಡಿದು ನಿಲ್ಲುವುದಕ್ಕಿಂತ ನೋಡಲು ಚೆನ್ನಾಗಿ ನಿಲ್ಲುವುದು ಮುಖ್ಯವಾಯಿತು. ಹುಡುಗಿಯರೆಲ್ಲ ಗಿಣ್ಣಿನವರೆಗೆ ಬರುವ ಕಪ್ಪು ಬೂಟು ಹಾಕುವ ಕಾಲ. ನನಗೂ ಆಸೆ. ವಿದ್ಯಾರ್ಥಿವೇತನ ಬಂದ ವಾರವೇ ಪೇಟೆಯ ಅಂಗಡಿಯೊಂದಕ್ಕೆ ಹೋದೆ.

ಅಂಗಡಿಯವನು ಐದೂವರೆಯ ಅಳತೆಯದನ್ನು ತಂದ. ಉದ್ದಕ್ಕೆ ಸರಿಯಾಗಿತ್ತು, ಕಿರುಬೆರಳು ಮಾತ್ರ ಅಕ್ಕನ ಮನೆಗೆ ಹೋದ ತಂಗಿಯಂತೆ ಪಕ್ಕದ ಬೆರಳಿನ ಮೇಲೆ ಮಲಗಬೇಕಾಯಿತು. "ಒಂದು ವಾರ ಹಾಕ್ಕೊಳ್ಳಿ, ಚರ್ಮ ತಾನಾಗಿ ಬಿಡುತ್ತೆ" ಎಂದ. ಹಾಕಿಕೊಂಡೆ. ಚರ್ಮವೇನೋ ಬಿಟ್ಟಿತು; ಬೂಟಿನದಲ್ಲ, ನನ್ನದು. ಬದಲಾಯಿಸಲು ಹೋದಾಗ ಏಳರ ಅಳತೆ ಕೊಟ್ಟ. ಈಗ ಅಗಲ ಹೇಗೋ ಹೊಂದಿತು, ಮುಂದುಗಡೆ ಅರ್ಧ ಅಂಗುಲ ಖಾಲಿ. ಅಲ್ಲಿಗೆ ಹತ್ತಿ ತುರುಕಿದೆ.

ಈ ಅಳತೆಯ ಲೆಕ್ಕವನ್ನು ಆಮೇಲೆ ತಿಳಿದುಕೊಂಡೆ. ನಮ್ಮ ಅಂಗಡಿಗಳಲ್ಲಿ ನಡೆಯುವ ಐದು, ಆರು, ಏಳು ಎಂಬವು ಇಂಗ್ಲೆಂಡಿನ ಅಳತೆಗಳು. ಒಂದು ಅಳತೆಗೂ ಮುಂದಿನದಕ್ಕೂ ನಡುವಿನ ಅಂತರ ಒಂದು ಜವೆಗೋಧಿ ಕಾಳಿನಷ್ಟು, ಎಂದರೆ ಅಂಗುಲದಲ್ಲಿ ಮೂರನೆಯ ಒಂದು ಪಾಲು. ಕಾಳಿನಿಂದ ಕಾಳಿಗೆ ಉದ್ದ ಬೆಳೆದಷ್ಟು ಅಗಲ ಬೆಳೆಯುವುದಿಲ್ಲ. ಆ ದೇಶಗಳಲ್ಲಿ ಅಗಲಕ್ಕೆ ಬೇರೆ ಅಕ್ಷರಗಳ ಗುರುತುಂಟು. ನಮ್ಮ ಪೇಟೆಯ ಅಂಗಡಿಗಳಿಗೆ ಅಂಕಿ ಬಂತು, ಅಕ್ಷರ ಬರಲಿಲ್ಲ. ಅಗಲ ಪಾದದವರು ಉದ್ದವನ್ನು ಕೊಂಡು ಅಗಲವನ್ನು ಪಡೆಯಬೇಕು. ಸಂತೆಯಲ್ಲಿ ಹಗ್ಗ ಬೇಕೆಂದವನು ಎಮ್ಮೆಯನ್ನೇ ಕೊಂಡಂತೆ.

ಆ ಹತ್ತಿಯ ಬೂಟು ಹಾಕಿಕೊಂಡೇ ಇತಿಹಾಸ ವಿಭಾಗದವರೊಂದಿಗೆ ಚಿತ್ರದುರ್ಗದ ಕೋಟೆಗೆ ಹೋದೆ. ಹತ್ತುವಾಗ ಏನೂ ಆಗಲಿಲ್ಲ. ಓಬವ್ವನ ಕಿಂಡಿಯ ಬಳಿ ನಿಂತು ಎಲ್ಲರಂತೆ ಫೋಟೋ ತೆಗೆಸಿಕೊಂಡೆ. ಇಳಿಯುವಾಗ ಶುರುವಾಯಿತು. ಜಾರುಬಂಡೆಯ ಮೇಲೆ ಒಂದೊಂದು ಹೆಜ್ಜೆಗೂ ಪಾದ ಮುಂದಕ್ಕೆ ಸರಿದು ಹೆಬ್ಬೆರಳಿನ ಉಗುರು ಬೂಟಿನ ಮೂತಿಗೆ ಬಡಿಯುತ್ತಿತ್ತು. ಎತ್ತರದ ಹಿಮ್ಮಡಿ ಇನ್ನಷ್ಟು ತಳ್ಳುತ್ತಿತ್ತು. ಅರ್ಧ ದಾರಿಯಲ್ಲಿ ಕುಳಿತು ಬೂಟು ಬಿಚ್ಚಿ ಕೈಯಲ್ಲಿ ಹಿಡಿದೆ. ಆಮೇಲಿನ ಬಂಡೆಗಳನ್ನು ನಾನು ಇಳಿದದ್ದಲ್ಲ, ಓಡಿದ್ದು. ಬೆರಳುಗಳು ಒಂದೊಂದಾಗಿ ಕಲ್ಲನ್ನು ಗುರುತು ಹಿಡಿಯುತ್ತಿದ್ದವು. ಕೆಳಗೆ ಮೊದಲು ಮುಟ್ಟಿದವಳು ನಾನೇ. ನಮ್ಮ ಅಧ್ಯಾಪಕರು ನಗುತ್ತ, 1960ರ ರೋಮ್ ಒಲಿಂಪಿಕ್ಸಿನಲ್ಲಿ ಇಥಿಯೋಪಿಯದ ಅಬೆಬೆ ಬಿಕಿಲ ಬರಿಗಾಲಿನಲ್ಲಿ ಮ್ಯಾರಥಾನ್ ಗೆದ್ದ ಕಥೆ ಹೇಳಿದರು. 1964ರಲ್ಲಿ ಟೋಕಿಯೋದಲ್ಲಿ ಅವನೇ ಜೋಡು ಹಾಕಿಕೊಂಡೂ ಗೆದ್ದ ಎಂಬುದನ್ನು ಸೇರಿಸಲು ಮರೆಯಲಿಲ್ಲ. ಇತಿಹಾಸದವರು ಯಾವುದನ್ನೂ ಪೂರ್ತಿ ನಂಬಗೊಡುವುದಿಲ್ಲ. ಕಲ್ಲಿಗೆ ಹೆದರದ ನನ್ನ ಪಾದ ಮುಳ್ಳಿಗೆ ಹೆದರಲೇಬೇಕಾಯಿತು. ಬಸ್ಸಿನ ಬಳಿ ಬರುವಷ್ಟರಲ್ಲಿ ಎರಡು ಜಾಲಿಮುಳ್ಳು. ಶಾಸನ ಹುಡುಕಿಕೊಂಡು ಹೊಲ ಬೇಲಿ ಸುತ್ತಬೇಕೆಂಬ ಆಸೆಯಿರುವವಳಿಗೆ ಬೂಟು ಬೇಡವೆನ್ನಲು ಸಾಧ್ಯವಿರಲಿಲ್ಲ.

ಉಗುರು ಕಪ್ಪಾಗಿ ಬಿದ್ದುಹೋದ ದಿನಗಳಲ್ಲಿ ಮೊಬೈಲಿನಲ್ಲಿ 'ಬೇರ್‌ಫುಟ್ ಬೂಟು' ಎಂಬ ಪದಾರ್ಥ ಕಣ್ಣಿಗೆ ಬಿತ್ತು. ಬರಿಗಾಲೂ ಹೌದು, ಬೂಟೂ ಹೌದು! ಅದ್ವೈತಿಗಳಿಗೂ ಇಷ್ಟು ಧೈರ್ಯವಿರಲಿಕ್ಕಿಲ್ಲ. ಸಂಗತಿ ಸರಳ. ಹಿಮ್ಮಡಿಯೂ ಬೆರಳೂ ಒಂದೇ ಮಟ್ಟದಲ್ಲಿರುತ್ತವೆ. ಅಟ್ಟೆ ಕೆಲವೇ ಮಿಲಿಮೀಟರು ದಪ್ಪ. ಚಪಾತಿಯಂತೆ ಸುರುಳಿ ಸುತ್ತಬಹುದು. ಮುಂಭಾಗ ಬೆರಳುಗಳ ಆಕಾರದಲ್ಲಿರುತ್ತದೆ. ಲಂಡನ್ನಿನ ವಿವೋಬೇರ್‌ಫುಟ್ ಕಂಪನಿಯನ್ನು ಕಟ್ಟಿದವರು ಕ್ಲಾರ್ಕ್ಸ್ ಎಂಬ ಪ್ರಸಿದ್ಧ ಚಮ್ಮಾರಿಕೆಯ ವಂಶದವರೇ. ಅಮೆರಿಕದಲ್ಲಿ ಜೀರೋ ಶೂಸ್ ಎಂಬುದೊಂದಿದೆ. ಒಳ್ಳೆಯ ಚರ್ಮದ ಒಂದು ಜೊತೆಯ ಬೆಲೆಯನ್ನು ರೂಪಾಯಿಗೆ ತಿರುಗಿಸಿ ನೋಡಿದೆ: ಇಪ್ಪತ್ತು ಸಾವಿರದ ಆಸುಪಾಸು. ರಜೆಯಲ್ಲಿ ಊರಿಗೆ ಹೋದಾಗ ಇದನ್ನು ಹೇಳಿದರೆ ಅಪ್ಪ ಬಹಳ ಹೊತ್ತು ಯೋಚಿಸಿ, "ಏನೂ ಹಾಕ್ಕೊಳ್ದಂಗೆ ಇರೋಕೆ ಇಪ್ಪತ್ತು ಸಾವಿರವಾ?" ಎಂದರು.

ಇದು ಶ್ರೀಮಂತರ ಶೋಕಿಯೇ ಇರಬೇಕೆಂದು ನನಗೂ ಅನ್ನಿಸಿತ್ತು. ಆದರೆ ಓದುತ್ತ ಹೋದಂತೆ ಮನೆಯ ಹತ್ತಿರಕ್ಕೇ ಬಂದೆ. ನಮ್ಮ ಕರಾವಳಿಯ ಕಸ್ತೂರಬಾ ಮೆಡಿಕಲ್ ಕಾಲೇಜಿನ ಇಬ್ಬರು ವೈದ್ಯರು ನಾಲ್ಕರಿಂದ ಹದಿಮೂರು ವರ್ಷದ 2300 ಮಕ್ಕಳ ಹೆಜ್ಜೆಗುರುತು ತೆಗೆದು 1992ರಲ್ಲಿ ಒಂದು ಲೇಖನ ಪ್ರಕಟಿಸಿದ್ದರು. ಪಾದರಕ್ಷೆ ಹಾಕುವ ಮಕ್ಕಳಲ್ಲಿ ಚಪ್ಪಟೆ ಪಾದ ನೂರಕ್ಕೆ 8.6, ಹಾಕದವರಲ್ಲಿ 2.8. ಮುಂಭಾಗ ಮುಚ್ಚಿದ ಬೂಟಿನವರಲ್ಲಿ ಅತಿ ಹೆಚ್ಚು. 2009ರಲ್ಲಿ ಬಂದ ಇನ್ನೊಂದು ಅಧ್ಯಯನದಲ್ಲಿ ಭಾರತದ 70 ಮಂದಿ ಬರಿಗಾಲಿನವರನ್ನು ಜೋಡು ಹಾಕುವ ಭಾರತೀಯರೊಂದಿಗೂ ಪಾಶ್ಚಾತ್ಯರೊಂದಿಗೂ ಹೋಲಿಸಿದ್ದರು. ಬರಿಗಾಲಿನವರ ಪಾದ ಹೆಚ್ಚು ಅಗಲ. ಮೈಭಾರ ಪಾದದ ತುಂಬ ಸಮನಾಗಿ ಹಂಚಿಹೋಗುತ್ತದೆ. ಅಜ್ಜಿ ಹೇಳಿದ್ದೂ ಅದನ್ನೇ. ಅವಳು ಯಂತ್ರವಿಲ್ಲದೆ ಹೇಳಿದಳು.

ಇನ್ನೂ ಒಂದಿದೆ. ಚೆನ್ನೈನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆಯವರು 2021ರ ಡಿಸೆಂಬರಿನಿಂದ 2022ರ ಮಾರ್ಚಿಯವರೆಗೆ ದೇಶದ 79 ಕಡೆಗಳಲ್ಲಿ 1,01,880 ಜನರ ಪಾದಗಳನ್ನು ಅಳೆದರು. ಭಾರತೀಯರ ಪಾದ ಯೂರೋಪು ಅಮೆರಿಕದವರಿಗಿಂತ ಅಗಲವೆಂದೂ, ನಮ್ಮವರು ಅಗಲಕ್ಕಾಗಿ ಬೇಕಾದ್ದಕ್ಕಿಂತ ಉದ್ದದ ಜೋಡು ಹಾಕುತ್ತಿದ್ದಾರೆಂದೂ ಗೊತ್ತಾಯಿತು. ನಮ್ಮದೇ ಒಂದು ಅಳತೆ ಬೇಕೆಂದು ಅದಕ್ಕೆ 'ಭ' ಎಂದು ಹೆಸರಿಟ್ಟರು, ಭಾರತದ ಭ. ಈ ಸುದ್ದಿಯನ್ನು ಓದಿದ ರಾತ್ರಿ ಹತ್ತಿ ತುರುಕಿದ ಬೂಟನ್ನು ಮಂಚದ ಕೆಳಗಿನಿಂದ ತೆಗೆದು ನೋಡಿದೆ. ಒಂದು ಲಕ್ಷ ಜನರ ನಡುವೆ ನಿಂತಂತಾಯಿತು.

ಕೊಳ್ಳುವ ಶಕ್ತಿ ಇಲ್ಲದಿದ್ದರೂ ಆರಿಸುವ ವಿದ್ಯೆಯನ್ನು ಕಲಿತೆ. ಪಾದವನ್ನು ಸಂಜೆ ಅಳೆಯಬೇಕು. ದಿನವೆಲ್ಲ ನಡೆದು ಅದು ತುಸು ಊದಿಕೊಂಡಿರುತ್ತದೆ. ಕಾಗದದ ಮೇಲೆ ಪೂರ್ತಿ ಭಾರ ಬಿಟ್ಟು ನಿಂತು, ಪೆನ್ಸಿಲನ್ನು ನೇರವಾಗಿ ಹಿಡಿದು ಗೆರೆ ಎಳೆಯಬೇಕು. ಎರಡೂ ಕಾಲು ಸಮವಿರುವುದಿಲ್ಲ. ದೊಡ್ಡದರ ಮಾತು ನಡೆಯಬೇಕು. ಉದ್ದಕ್ಕೆ ಒಂದು ಸೆಂಟಿಮೀಟರು ಸೇರಿಸಿದರೆ ಸಾಕು. 'ಅಗಲ' ಎಂದು ಬರೆದ ಮಾತ್ರಕ್ಕೆ ನಂಬಬಾರದು: ಎಷ್ಟೋ ಬೂಟು ಬೆರಳಿನ ಬುಡದಲ್ಲಿ ಅಗಲವಾಗಿದ್ದು, ಬೆರಳಿರುವಲ್ಲಿ ದೋಣಿಯ ಮೂತಿಯಂತೆ ಕಿರಿದಾಗುತ್ತದೆ. ಒಳಗಿನ ಹಾಸನ್ನು ಹೊರಗೆಳೆದು ಅದರ ಮೇಲೆ ನಿಂತು ನೋಡುವುದು ಒಳ್ಳೆಯ ಪರೀಕ್ಷೆ. ಬೆರಳು ಆಚೆ ಚೆಲ್ಲಿದರೆ ಆ ಬೂಟು ನಮ್ಮದಲ್ಲ. ಮೇಲ್ಪಾದ ಎತ್ತರವಿದ್ದವರಿಗೆ ರಬ್ಬರು ಪಟ್ಟಿಯದಕ್ಕಿಂತ ದಾರ ಕಟ್ಟುವುದು ವಾಸಿ. ಇನ್ನು ಅಂದದ ವಿಷಯ, ಅದನ್ನು ಬಿಡಲು ನಾನೇನು ಸಂನ್ಯಾಸಿನಿಯಲ್ಲ. ಅಗಲ ಮೂತಿಯ ಬೂಟು ಬಾತುಕೋಳಿಯಂತೆ ಕಾಣುವ ಅಪಾಯವಿದೆ. ಒಂದೇ ಗಾಢ ಬಣ್ಣ, ಬೆರಳಿನ ಮೇಲೆ ಅಡ್ಡ ಹೊಲಿಗೆ ಇಲ್ಲದಿರುವುದು, ಅಂಚಿನಲ್ಲಿ ಬಿಳಿ ಅಟ್ಟೆ ಕಾಣದಿರುವುದು: ಇಷ್ಟಾದರೆ ಕಣ್ಣು ಅಗಲವನ್ನು ಅಳೆಯುವುದನ್ನು ಮರೆಯುತ್ತದೆ. ಸಕ್ಕರೆ ಕಾಯಿಲೆಯಿಂದ ಪಾದ ಮರಗಟ್ಟಿದವರಿಗೆ ಮಾತ್ರ ಈ ತೆಳು ಅಟ್ಟೆ ಸಲ್ಲದು; ಮುಳ್ಳು ಚುಚ್ಚಿದ್ದೇ ಅವರಿಗೆ ತಿಳಿಯುವುದಿಲ್ಲ.

ಊರಿನ ಮನೆಯ ಜಗಲಿಯಲ್ಲಿ ಕ್ಯಾಲೆಂಡರಿನ ಹಿಂಬದಿಯ ಮೇಲೆ ನನ್ನ ಪಾದ ಬರೆಯುತ್ತಿದ್ದಾಗ ಹೊಲದಿಂದ ಬಂದ ಅಪ್ಪ ನೋಡುತ್ತ ನಿಂತರು. "ನಿಂದೂ ಬರೀತೀನಿ, ನಿಲ್ಲಪ್ಪ" ಎಂದೆ. ಕಾಲು ತೊಳೆದುಕೊಂಡು ಬಂದು ಸಂಕೋಚದಿಂದ ನಿಂತರು. ಅಪ್ಪನ ಗೆರೆ ನನ್ನ ಗೆರೆಯ ಸುತ್ತ ಬೆರಳಗಲ ಬಿಟ್ಟು ಹಾಗೆಯೇ ಸುತ್ತಿ ಬಂತು. ಹೆಬ್ಬೆರಳಿನ ಪಕ್ಕದ ಸಂದು ಕೂಡ ಅದೇ.

ನಾನು ಕಾಲೇಜು ಸೇರಿದ ದಿನವನ್ನು ಇಲ್ಲಿ ಹೇಳಬೇಕು. "ಬೂಟು ಹಾಕ್ಕೊಂಡು ಬಾಪ್ಪ" ಎಂದು ನಾನೇ ಹಿಂದಿನ ದಿನ ಫೋನು ಮಾಡಿದ್ದೆ. ಅಪ್ಪ ಮಾವನ ಬೂಟು ಕೇಳಿ ತೊಟ್ಟು ಬಂದಿದ್ದರು. ಬಸ್ ನಿಲ್ದಾಣದಿಂದ ನಡೆದು, ಮೂರು ಸಾಲುಗಳಲ್ಲಿ ನಿಂತು, ರುಜು ಹಾಕಿ, ನನ್ನನ್ನು ತರಗತಿಗೆ ಕಳುಹಿಸಿದರು. ಮೇಲಿನ ಪಡಸಾಲೆಯಿಂದ ನೋಡಿದರೆ ಗೇಟಿನಾಚೆ ಹೊಂಗೆಮರದ ಕೆಳಗೆ ಕುಳಿತು ಬೂಟು ಬಿಚ್ಚುತ್ತಿದ್ದರು. ಬಿಳಿಯ ಕಾಲುಚೀಲದ ಹಿಮ್ಮಡಿ ಕೆಂಪಾಗಿತ್ತು. ದಾರ ಗಂಟು ಹಾಕಿ ಬೂಟನ್ನು ಹೆಗಲಿಗೆ ತೂಗಿಬಿಟ್ಟು ಬರಿಗಾಲಿನಲ್ಲಿ ಹೊರಟರು. ಪಕ್ಕದಲ್ಲಿದ್ದ ಹೊಸ ಗೆಳತಿ "ಯಾರೇ ಅದು?" ಎಂದಳು. "ಯಾರೋ ನಮ್ಮೂರ ಕಡೆಯವರು" ಎಂದೆ. ಆಕೆಯೇ ಮುಂದೆ ನನಗೆ ಗಜಗಮನೆಯೆಂದು ಹೆಸರಿಟ್ಟವಳು. ಅವಳೂ ಈ ಸಂಚಿಕೆಯನ್ನು ಓದುತ್ತಾಳೆಂದು ತಿಳಿದೇ ಇದನ್ನು ಬರೆದಿದ್ದೇನೆ.

ಕ್ಯಾಲೆಂಡರಿನ ಹಾಳೆಯನ್ನು ಸುತ್ತಿಕೊಂಡು ಪೇಟೆಯಲ್ಲಿ ಜೋಡು ಹೊಲಿಯುವ ಹಿರಿಯರೊಬ್ಬರ ಬಳಿಗೆ ಹೋದೆ. ಮೊಬೈಲಿನ ಚಿತ್ರ ತೋರಿಸಿದೆ. ಅವರು ಚಿತ್ರವನ್ನು ಅರೆಗಳಿಗೆ, ಹಾಳೆಯನ್ನು ಬಹಳ ಹೊತ್ತು ನೋಡಿದರು. "ಹಿಮ್ಮಡಿ ಬೇಡ, ಒಳಗೆ ಕಬ್ಬಿಣದ ಪಟ್ಟಿ ಬೇಡ, ಮೂತಿ ಬೇಡ. ಬೇಕಾದ್ದೇನು ಮತ್ತೆ?" ಎಂದು ನಕ್ಕರು. ಮರದ ಹಳೆಯ ಅಚ್ಚೊಂದನ್ನು ತೆಗೆದು ಕಿರುಬೆರಳಿನ ಕಡೆಗೂ ಹೆಬ್ಬೆರಳಿನ ಕಡೆಗೂ ಚರ್ಮದ ಚೂರು ಅಂಟಿಸಿ, ಉಜ್ಜಿ, ನನ್ನ ಗೆರೆಯ ಮೇಲಿಟ್ಟು ನೋಡಿ, ಮತ್ತೆ ಅಂಟಿಸಿದರು. ನನ್ನ ಪಾದಕ್ಕೆ ಮರ ಹೊಂದಿಕೊಳ್ಳುವುದನ್ನು ಅಂದೇ ಮೊದಲು ಕಂಡದ್ದು. "ಇನ್ನೊಂದು ಯಾರದು?" ಎಂದರು. "ನಮ್ಮಪ್ಪಂದು" ಎಂದೆ. ಬೂಟಿಗೆ 2,800, ಅಪ್ಪನ ಚಪ್ಪಲಿಗೆ 600.

ಕಪ್ಪು ಬಣ್ಣ, ಆರು ಜೊತೆ ತೂತು, ನಾಲ್ಕು ಮಿಲಿಮೀಟರಿನ ರಬ್ಬರು. ಮೊದಲ ವಾರ ಮೀನಖಂಡ ನೋಯಿತು. ಎರಡು ವರ್ಷ ಎತ್ತರದ ಹಿಮ್ಮಡಿಗೆ ಒಗ್ಗಿದ ಕಾಲಲ್ಲವೆ? ದಿನಕ್ಕೆ ಒಂದು ಗಂಟೆ, ಎರಡು ಗಂಟೆ ಎಂದು ಹೆಚ್ಚಿಸುತ್ತ ಹೋದೆ. ಈಗ ಗ್ರಂಥಾಲಯದ ಮೆಟ್ಟಿಲಿನ ಸವೆದ ಅಂಚು ಅಟ್ಟೆಯ ಮೂಲಕ ಗೊತ್ತಾಗುತ್ತದೆ. ಮೊನ್ನೆ ಪ್ರಥಮ ವರ್ಷದ ಹುಡುಗಿಯೊಬ್ಬಳು ಎಲ್ಲಿ ಕೊಂಡಿರಿ ಎಂದು ಕೇಳಿದಳು. ಸುಳ್ಳು ಹೇಳುವುದಿಲ್ಲ, ಉಬ್ಬಿದೆ. ಅಪ್ಪನಂತೂ ಚಪ್ಪಲಿಯನ್ನು ಕಾಗದ ಸಹಿತ ಅಟ್ಟಕ್ಕೆ ಏರಿಸಿದ್ದರು, ನಾನೂ ಸುಮ್ಮನಾಗಿದ್ದೆ.

ಹೋದ ವಾರದ ಮಳೆಯಲ್ಲಿ ನನ್ನ ಎಡಗಾಲಿನ ಬೂಟಿನ ಹೊಲಿಗೆ ಎರಡು ಅಂಗುಲ ಬಿಟ್ಟಿದೆ. ಶನಿವಾರ ಹೋಗಿ ಹಾಕಿಸಬೇಕು. ಫೋನಿನಲ್ಲಿ ಹೇಳಿದ್ದಕ್ಕೆ ಅಪ್ಪ, "ಹೋಗೋದೇ ಆದರೆ ನಂದೂ ಬಸ್ಸಿಗೆ ಹಾಕಿ ಕಳಿಸ್ತೀನಿ. ಉಂಗುಟ ಸವೆದು ಕಿತ್ತೋಗಿದೆ, ಹೊಲಿಸ್ಕೊಂಡು ಬಾ" ಎಂದರು.