ಕದ್ರಿಯಲ್ಲಿ ಹದಿಮೂರು ದಿನ

ಪ್ರವಾಸವೆಂದರೆ ಕಾಶಿ ರಾಮೇಶ್ವರಗಳಿಗೋ, ಅಷ್ಟಾಗದಿದ್ದರೆ ಶಾಲೆಯ ಮಕ್ಕಳನ್ನು ಕೂಡಿಕೊಂಡು ಬೇಕಲದ ಕೋಟೆಗೋ ಹೋಗಿಬರುವುದೆಂದು ತಿಳಿದಿದ್ದವರು ನಾವು. ಹಾಸಿಗೆಯಿಂದ ಬಾಗಿಲವರೆಗಿನ ಒಂಬತ್ತು ಹೆಜ್ಜೆಗಳೂ ಒಂದು ಪ್ರವಾಸವಾದಾವೆಂಬುದು ಕಳೆದ ಮೇ ತಿಂಗಳವರೆಗೆ ನಮಗೆ ಗೊತ್ತಿರಲಿಲ್ಲ.

ಮಂಗಳೂರು ನಮಗೆ ಹೊಸತಲ್ಲ. 1956ರ ನವೆಂಬರ್ ಒಂದರಂದು ರಾಜ್ಯಗಳ ಗಡಿ ಎಳೆದವರು ನಮ್ಮನ್ನು ಕೇರಳಕ್ಕೆ ಸೇರಿಸಿದರೂ, ಕಾಸರಗೋಡಿನ ಕಡೆಯ ನಮ್ಮ ಮದುವೆಯ ಜವಳಿ, ಅಡಕೆಯ ವ್ಯಾಪಾರ, ದೊಡ್ಡ ಕಾಯಿಲೆ ಇವೆಲ್ಲ ಇಂದಿಗೂ ತಲಪಾಡಿಯನ್ನು ದಾಟಿಯೇ ಹೋಗುತ್ತವೆ. ಈ ಸಲ ನಾವು ದಾಟಿಸಿದ್ದು ನಮ್ಮ ಹೊಟ್ಟೆಯನ್ನು. ಪ್ರಾಯ ಐವತ್ತನಾಲ್ಕು, ಎತ್ತರ ಐದಡಿ ಆರಂಗುಲ, ತೂಕ 124 ಕಿಲೋ. ಒಬ್ಬರೇ ಇಬ್ಬರಷ್ಟಿದ್ದುದರಿಂದ ನಾವು ನಮ್ಮನ್ನು ‘ನಾವು’ ಎಂದು ಬರೆದುಕೊಳ್ಳುವುದರಲ್ಲಿ ವ್ಯಾಕರಣದೋಷವೇನೂ ಇರಲಿಲ್ಲ. ಜತೆಗೆ ಹನ್ನೆರಡು ವರ್ಷಗಳ ಸಕ್ಕರೆ ಕಾಯಿಲೆ, ದಿನಕ್ಕೆ ಎರಡು ಸಲ ಇನ್ಸುಲಿನ್. ಇವುಗಳಿಗಿಂತಲೂ ಹೆಚ್ಚಾಗಿ ನಮ್ಮನ್ನು ನೋಯಿಸಿದ್ದು ಬೇರೆ. ತಾಳಮದ್ದಳೆಯಲ್ಲಿ ಅರ್ಥ ಹೇಳಲು ಚಾಪೆಯ ಮೇಲೆ ಕೂರಲಾಗುತ್ತಿರಲಿಲ್ಲ. ಊಟದ ಪಂಕ್ತಿಯಲ್ಲಿ ಎಲ್ಲರೂ ನೆಲಕ್ಕೆ ಕುಳಿತಾಗ ನಮಗೊಬ್ಬರಿಗೆ ಮೂಲೆಯಲ್ಲಿ ಕುರ್ಚಿ, ಮೇಜು. ಅತಿಥಿಗೆ ತೋರಿದ ಗೌರವವೆಂದೇ ಬಡಿಸುವವರು ಭಾವಿಸುತ್ತಿದ್ದರು.

ಜಠರದ ಗಾತ್ರವನ್ನು ಕುಗ್ಗಿಸುವ ಶಸ್ತ್ರಕ್ರಿಯೆ ಮಾಡಿಸಿಕೊಳ್ಳುವುದೆಂದು ನಿಶ್ಚಯಿಸಿದ ಮೇಲೆ ಊರಿನಲ್ಲಿ ನಾವು ಹೇಳಿದ್ದು ‘ಹರ್ನಿಯಾ’ ಎಂದು. ಹೊಟ್ಟೆಬಾಕತನಕ್ಕೆ ಕತ್ತರಿ ಹಾಕಿಸಿಕೊಂಡ ಹೆಡ್‌ಮಾಷ್ಟ್ರು ಎಂದು ನಾಲ್ಕು ಜನ ನಕ್ಕಾರೆಂಬ ಅಂಜಿಕೆ. ಮಕ್ಕಳಿಗೆ ಸತ್ಯಹರಿಶ್ಚಂದ್ರನ ಕಥೆಯನ್ನು ಮೂವತ್ತು ವರ್ಷ ಹೇಳಿದ ಬಾಯಿಂದಲೇ ಈ ಸುಳ್ಳು ಹೊರಟಿತು.

ಸಂಗತಿ ಇಷ್ಟು: ಚೀಲದಂತಿರುವ ಜಠರದ ಹೊರಬದಿಯನ್ನು ಉದ್ದಕ್ಕೂ ಕತ್ತರಿಸಿ, ಮುಕ್ಕಾಲು ಪಾಲನ್ನು ಅಥವಾ ತುಸು ಹೆಚ್ಚನ್ನೇ ತೆಗೆದುಬಿಡುತ್ತಾರೆ. ಉಳಿಯುವುದು ಬಾಳೆಹಣ್ಣಿನ ಆಕಾರದ ಒಂದು ಕೊಳವೆ. ಹಸಿವನ್ನು ಕೆರಳಿಸುವ ಗ್ರೆಲಿನ್ ಎಂಬ ರಸವು ಹೆಚ್ಚಾಗಿ ತಯಾರಾಗುವುದು ತೆಗೆದುಹಾಕುವ ಭಾಗದಲ್ಲಿಯೇ ಆದುದರಿಂದ ಹಸಿವೂ ಕುಗ್ಗುತ್ತದೆ. ಹೊಟ್ಟೆಯನ್ನು ಸೀಳುವುದಿಲ್ಲ, ಐದಾರು ಸಣ್ಣ ತೂತುಗಳ ಮೂಲಕ ಕೆಲಸ ಮುಗಿಯುತ್ತದೆ. ಅದಕ್ಕೆ ಮುಂಚೆ ಎರಡು ವಾರ ಪಥ್ಯ ಮಾಡಿಸಿ ಯಕೃತ್ತನ್ನು ತೆಳ್ಳಗಾಗಿಸಿದರು. ನಮ್ಮ ಎರಡು ವರ್ಷಗಳ ಅಡಕೆಯ ಹಣವನ್ನೂ ಅದರೊಡನೆ ತೆಳ್ಳಗಾಗಿಸಿದರು. ನಾವು ಮಲಗಿದ್ದೆವು, ಎದ್ದೆವು; ಶಸ್ತ್ರಕ್ರಿಯೆಯ ಬಗ್ಗೆ ನಮಗೆ ತಿಳಿದದ್ದು ಅಷ್ಟೇ. ಹೇಳಬೇಕಾದ ಕಥೆ ಆಮೇಲಿನದು.

ಅದೇ ಸಂಜೆ ದಾದಿಯೊಬ್ಬಳು ಬಂದು, “ಏಳಿ ಮಾಷ್ಟ್ರೇ, ನಡೆಯಬೇಕು” ಎಂದಳು. ಕಾಲಿನ ರಕ್ತ ಹೆಪ್ಪುಗಟ್ಟಿ ಶ್ವಾಸಕೋಶಕ್ಕೆ ಹೋಗದಿರಬೇಕಾದರೆ ಮಲಗಿರಕೂಡದಂತೆ. ಒಂಬತ್ತು ಹೆಜ್ಜೆ ನಡೆದು ಬಾಗಿಲು ಮುಟ್ಟಿದೆವು. ಮೂರು ಚೆಂಡುಗಳಿರುವ ಒಂದು ಪ್ಲಾಸ್ಟಿಕ್ ಸಾಧನವನ್ನು ಕೈಗೆ ಕೊಟ್ಟು, ಉಸಿರೆಳೆದು ಅವನ್ನು ಮೇಲಕ್ಕೇರಿಸಲು ಹೇಳಿದರು. ಒಂದೇ ಚೆಂಡು ಎದ್ದಿತು. ಹೊಟ್ಟೆಗಿಂತ ಭುಜವೇ ಹೆಚ್ಚು ನೋಯುತ್ತಿತ್ತು. ಕೆಲಸಕ್ಕೆಂದು ಒಳಗೆ ತುಂಬಿದ ಅನಿಲವು ವಪೆಯನ್ನು ಒತ್ತುವುದರಿಂದ ಹಾಗಾಗುತ್ತದೆಂದೂ, ನಡೆದಷ್ಟೂ ಬೇಗ ಇಳಿಯುವುದೆಂದೂ ವೈದ್ಯರು ಸಮಾಧಾನ ಹೇಳಿದರು.

ಮೂರನೆಯ ದಿನ ಬಿಡುಗಡೆಯಾಯಿತು. ಆದರೆ ಹೊಲಿಗೆಯ ಸಾಲು ಎಲ್ಲಿಯಾದರೂ ಸೋರುವುದಿದ್ದರೆ ಮೊದಲ ಎರಡು ವಾರಗಳಲ್ಲಿಯೇ ಹೆಚ್ಚಾಗಿ ಗೊತ್ತಾಗುವುದರಿಂದ ಆಸ್ಪತ್ರೆಗೆ ಹತ್ತಿರವೇ ಇರುವುದು ಲೇಸೆಂದರು. ನಮ್ಮ ಊರೋ ಗುಡ್ಡದ ಸಂದಿಯದು, ನಡುವೆ ಒಂದು ಗಡಿ ಬೇರೆ. 2020ರ ಮಾರ್ಚ್ ಕೊನೆಯಲ್ಲಿ ಆ ಗಡಿಯ ದಾರಿಗಳಿಗೆ ಮಣ್ಣು ಸುರಿದು ರೋಗಿಗಳ ವಾಹನಗಳನ್ನೂ ತಡೆದ ದಿನಗಳನ್ನು ನಮ್ಮ ಕಡೆಯವರಾರೂ ಮರೆತಿಲ್ಲ. ಮನೆಯಾಕೆ, “ಇಲ್ಲೇ ಎಲ್ಲಿಯಾದರೂ ಇರುವ” ಎಂದು ಮಾತನ್ನು ಮುಗಿಸಿಬಿಟ್ಟಳು. ಹೀಗೆ ಕದ್ರಿಯ ಒಂದು ಓಣಿಯಲ್ಲಿ, ಅಡುಗೆಗೆ ಅನುಕೂಲವಿದ್ದ ಒಂದು ಕೋಣೆಯಲ್ಲಿ, ನಮ್ಮ ಹದಿಮೂರು ದಿನಗಳ ವಾಸ ಮೊದಲಾಯಿತು.

ಆ ದಿನಗಳ ಮುಖ್ಯ ಉದ್ಯೋಗವೆಂದರೆ ನೀರು ಕುಡಿಯುವುದು. ಓದುಗರು ನಗಬಾರದು. ದಿನಕ್ಕೆ ಒಂದೂವರೆ ಲೀಟರು ದ್ರವ ಒಳಗೆ ಹೋಗಬೇಕು. ಒಂದು ಸಲಕ್ಕೆ ಹಿಡಿಯುವುದು ಔಷಧದ ಮುಚ್ಚಳದಲ್ಲಿ 30 ಮಿಲಿಲೀಟರು. ಐವತ್ತು ಮುಚ್ಚಳ. ಎಚ್ಚರವಾಗಿರುವುದು ಹದಿನಾರು ಗಂಟೆ, ಅಂದರೆ 960 ನಿಮಿಷ. ಭಾಗಿಸಿದರೆ ಹತ್ತೊಂಬತ್ತು ನಿಮಿಷಕ್ಕೊಂದು. ಐದನೆಯ ತರಗತಿಗೆ ಕೊಡಬಹುದಾದ ಚೊಕ್ಕವಾದ ಲೆಕ್ಕ. ಆದರೆ ಲೆಕ್ಕ ಬಿಡಿಸುವುದು ಬೇರೆ, ಬಾಳುವುದು ಬೇರೆ. ಆ ಮುಚ್ಚಳವನ್ನೂ ಒಮ್ಮೆಲೇ ಸುರಿದುಕೊಳ್ಳುವಂತಿಲ್ಲ. ಗುಟುಕು ಗುಟುಕಾಗಿ ಇಳಿಸಬೇಕು. ಅವಸರಿಸಿದರೆ ಎದೆಯ ನಡುವೆ ಒನಕೆ ನಿಂತಂತಾಗುತ್ತಿತ್ತು. ಬೊಂಡದ ನೀರು, ಗಂಜಿಯ ತಿಳಿ, ಸೋಸಿದ ಹೆಸರುಬೇಳೆಯ ಕಟ್ಟು, ಕಡೆದು ಬೆಣ್ಣೆ ತೆಗೆದ ನೀರುಮಜ್ಜಿಗೆ, ಹಾಲಿನಲ್ಲಿ ಕಲಸಿದ ಪ್ರೋಟೀನಿನ ಪುಡಿ ಇವೇ ಸರದಿಯಲ್ಲಿ ಬರುತ್ತಿದ್ದವು. ದಿನಕ್ಕೆ ಅರುವತ್ತು ಗ್ರಾಂ ಪ್ರೋಟೀನ್ ಹೋಗದಿದ್ದರೆ ಕೊಬ್ಬಿನೊಂದಿಗೆ ಮಾಂಸಖಂಡವೂ ಕರಗುತ್ತದೆಂದು ಆಹಾರತಜ್ಞೆ ಎಚ್ಚರಿಸಿದ್ದರು. ಪುಡಿಯ ರುಚಿಯ ವಿಚಾರದಲ್ಲಿ ಮೌನವೇ ಮೇಲು. ಮನೆಯಾಕೆ ಶಾಲೆಯ ಹಳೆಯ ಹಾಜರಿ ಪುಸ್ತಕವೊಂದರ ಬೆನ್ನಿನ ಹಾಳೆಗಳಲ್ಲಿ ಮುಚ್ಚಳಗಳ ಹಾಜರಿ ಬರೆಯುತ್ತಿದ್ದಳು. ನಾಲ್ಕನೆಯ ದಿನ ಮೂವತ್ತೊಂದು ಮಾತ್ರ. ಮೂತ್ರ ಹಳದಿಯಾಗಿ ತಲೆ ತಿರುಗಿತು.

ಹಸಿವೇ ಇಲ್ಲದಿದ್ದರೆ ಆಸೆಯೂ ಇರದೆಂದು ನಾವು ಭಾವಿಸಿದ್ದು ತಪ್ಪಾಯಿತು. ಮಧ್ಯಾಹ್ನ ಹನ್ನೆರಡಕ್ಕೆ ಓಣಿಯ ಮನೆಗಳಿಂದ ಒಗ್ಗರಣೆಯ ಪರಿಮಳ ಬರುವಾಗ ಹೊಟ್ಟೆ ತೆಪ್ಪಗಿರುತ್ತಿತ್ತು, ಕಣ್ಣು ತುಂಬಿಕೊಳ್ಳುತ್ತಿತ್ತು. ಐವತ್ತು ವರ್ಷ ಬೇಸರ ಬಂದಾಗ, ಸಂತೋಷವಾದಾಗ, ಮಳೆ ಬಂದಾಗ ತಿಂದು ಅಭ್ಯಾಸವಾದ ಮನುಷ್ಯ ಬೇಸರ ಬಂದರೆ ಇನ್ನೇನು ಮಾಡಬೇಕು? ಒಂದು ದಿನ ಸಣ್ಣ ಕಾರಣಕ್ಕೆ ಮನೆಯಾಕೆಯ ಮೇಲೆ ರೇಗಿ, ಆಮೇಲೆ ಗೋಡೆಯ ಕಡೆಗೆ ತಿರುಗಿ ಅತ್ತುಬಿಟ್ಟೆವು. ಆಕೆ ತನ್ನ ಊಟವನ್ನು ನಾವು ಕಾಣದಂತೆ ಅಡುಗೆಯ ಮೂಲೆಯಲ್ಲಿ ನಿಂತೇ ಮುಗಿಸುತ್ತಿದ್ದಾಳೆಂಬುದು ಅಂದೇ ಗಮನಕ್ಕೆ ಬಂದದ್ದು.

ಇಂತಹ ಹೊತ್ತಿನಲ್ಲಿ ನಮ್ಮನ್ನು ಕಾದದ್ದು ಕದ್ರಿ. ದಿನಕ್ಕೆ ಐದಾರು ಸಲ ನಡೆಯಬೇಕೆಂಬ ಅಪ್ಪಣೆ ಇತ್ತಲ್ಲ. ಮೊದಲು ಓಣಿಯ ತುದಿ, ಮರುದಿನ ಹೂವಿನ ಅಂಗಡಿ, ಆರನೆಯ ದಿನ ಮಂಜುನಾಥ ದೇವಸ್ಥಾನದ ಅಂಗಳ. ಇಲ್ಲಿಯ ಲೋಕೇಶ್ವರನ ಕಂಚಿನ ವಿಗ್ರಹವನ್ನು ಆಳುಪರ ಕುಂದವರ್ಮನು 968ರಲ್ಲಿ ಸ್ಥಾಪಿಸಿದನೆಂದು ಅದರ ಪೀಠದ ಶಾಸನದಿಂದ ತಿಳಿಯುತ್ತದೆ. ಪಾಠದಲ್ಲಿ ಎಷ್ಟೋ ಸಲ ಹೇಳಿದ್ದ ಸಂಗತಿ; ನೋಡಿದ್ದು ಮಾತ್ರ ಅವಸರದಲ್ಲಿ, ಪ್ರಸಾದದ ಊಟದ ಸಾಲು ಬೆಳೆದೀತೆಂಬ ಚಿಂತೆಯಲ್ಲಿ. ಈ ಸಲ ಊಟದ ಹಂಗಿರಲಿಲ್ಲ. ಕಂಬಕ್ಕೊರಗಿ ನಿಂತು ಆ ಅರೆಮುಚ್ಚಿದ ಕಣ್ಣುಗಳನ್ನು ನೋಡಿದೆವು, ಮುಚ್ಚಳ ಎತ್ತುವ ಹೊತ್ತಾಯಿತೆಂದು ಮನೆಯಾಕೆ ಕೈಗಡಿಯಾರ ತೋರಿಸುವವರೆಗೂ.

ಒಂಬತ್ತನೆಯ ದಿನ ತಪ್ಪು ಮಾಡಿದೆವು. ಆಕೆ ಔಷಧದಂಗಡಿಗೆ ಹೋಗಿದ್ದಾಗ, ಅವಳ ಪಾಲಿನ ಮೊಸರವಲಕ್ಕಿಯಿಂದ ಎರಡು ತುತ್ತು. ಚೆನ್ನಾಗಿ ನೆನೆದಿದೆಯಲ್ಲ, ಮೆತ್ತಗಿದೆಯಲ್ಲ ಎಂದು ನಮ್ಮ ವಾದ. ಮೂರು ನಿಮಿಷವಾಗಲಿಲ್ಲ, ಎದೆ ಕಟ್ಟಿತು, ಬಾಯಿ ತುಂಬ ನೊರೆ ನೊರೆಯಾದ ಜೊಲ್ಲು, ಆಮೇಲೆ ವಾಂತಿ. ರಾತ್ರಿಯಾಗುವಾಗ ಎಡಭುಜದಲ್ಲಿ ನೋವು ಕಾಣಿಸಿತು. ಮೊದಲ ದಿನಗಳ ಅನಿಲದ ನೋವು ಇಳಿದ ಮೇಲೆ ಹೊಸದಾಗಿ ಎಡಭುಜ ನೋಯುವುದು, ಜ್ವರ ಬರುವುದು, ನಾಡಿ ಓಡುವುದು, ಹೊಟ್ಟೆನೋವು ಏರುತ್ತ ಹೋಗುವುದು ಇವು ಸೋರಿಕೆಯ ಲಕ್ಷಣಗಳಿರಬಹುದು, ಗಂಟೆ ನೋಡದೆ ಬನ್ನಿ ಎಂದು ಬರೆದುಕೊಟ್ಟಿದ್ದರು. ಮನೆಯಾಕೆ ನಾಡಿ ಹಿಡಿದು ಗಡಿಯಾರ ನೋಡುತ್ತ ಎಣಿಸಿದಳು. ನೂರ ನಾಲ್ಕು. ಅದು ಸೋರಿಕೆಯದೋ ಭಯದ್ದೋ ಯಾರು ಹೇಳಬೇಕು? ಅವಳ ಬೆರಳುಗಳೂ ನಡುಗುತ್ತಿದ್ದವು. ಹನ್ನೊಂದು ಗಂಟೆಯ ಮೇಲೆ ರಿಕ್ಷಾ ಹಿಡಿದು ಹೋದೆವು. ಏನು ತಿಂದಿರೆಂದು ಕಿರಿಯ ವೈದ್ಯ ಕೇಳಿದಾಗ, ಮೂವತ್ತು ವರ್ಷ ಮಕ್ಕಳ ಸುಳ್ಳನ್ನು ಮುಖ ನೋಡಿಯೇ ಹಿಡಿದ ನಾವು ಒಂದು ಕ್ಷಣ ‘ಏನೂ ಇಲ್ಲ’ ಎನ್ನಲು ಬಾಯಿ ತೆರೆದದ್ದುಂಟು. ಆದರೆ ಹೇಳಿದೆವು. ಔಷಧ ಕುಡಿಸಿ ಚಿತ್ರ ತೆಗೆದರು, ರಕ್ತ ಪರೀಕ್ಷಿಸಿದರು. ಸೋರಿಕೆ ಇರಲಿಲ್ಲ. ಆ ಹುಡುಗ ಬೈಯಲಿಲ್ಲ. “ನಿಜ ಹೇಳಿದ್ದು ಒಳ್ಳೆಯದಾಯ್ತು ಸರ್” ಎಂದಷ್ಟೇ ಅಂದ. ಬೆಳಗಿನ ಜಾವ ಕೋಣೆಗೆ ಮರಳಿದೆವು. ಆಕೆ ಮಾತಾಡದೆ ಗಂಜಿಗೆ ನೀರಿಟ್ಟಳು.

ಅಲ್ಲಿಂದ ಮುಂದೆ ನಾವು ಹೇಳಿದಂತೆ ಕೇಳಿದೆವು. ರಕ್ತದ ಸಕ್ಕರೆ ದಿನದಿನಕ್ಕೂ ಇಳಿಯಿತು; ಇನ್ಸುಲಿನ್ ಅಳತೆಯನ್ನು ವೈದ್ಯರು ಎರಡು ಸಲ ತಗ್ಗಿಸಿ, ಸಂಜೆಯದನ್ನು ನಿಲ್ಲಿಸಿದರು. ಹದಿನಾಲ್ಕನೆಯ ದಿನ ದೇವಸ್ಥಾನದ ಹಿಂದಿನ ಮೆಟ್ಟಲುಗಳನ್ನೇರಿ ಮೇಲಿನ ಕೆರೆಗಳವರೆಗೆ ಹೋದೆವು. ಮೆಟ್ಟಲುಗಳನ್ನು ಎಣಿಸತೊಡಗಿದ್ದೆವು, ನಾಲ್ಕೆಡೆ ನಿಂತು ದಮ್ಮು ಬಿಟ್ಟುದರಿಂದ ಲೆಕ್ಕ ತಪ್ಪಿತು. ಮೇಲೆ ಕುಳಿತು ಆ ಮೂರು ಚೆಂಡುಗಳ ಸಾಧನವನ್ನು ಚೀಲದಿಂದ ತೆಗೆದು ಊದುವ ಬದಲು ಎಳೆದೆವು. ಮೂರೂ ಎದ್ದವು. ಸ್ನಾನಕ್ಕೆ ಬಂದಿದ್ದ ಒಬ್ಬ ಹುಡುಗ ಅದೇನು ಆಟಿಕೆಯೆಂದು ಕೇಳಿದ.

ಹದಿನಾರನೆಯ ದಿನ ಊರಿಗೆ ಹೊರಟೆವು. ಕಾರಿನ ಪಟ್ಟಿಗೂ ಹೊಟ್ಟೆಗೂ ನಡುವೆ ಒಂದು ತಲೆದಿಂಬು. ನೇತ್ರಾವತಿಯ ಸೇತುವೆ, ತೊಕ್ಕೊಟ್ಟು, ತಲಪಾಡಿ ಕಳೆದು ಗೋವಿಂದ ಪೈಗಳ ಮಂಜೇಶ್ವರ ಬಂದಾಗ, ಕಾಲಾಡಿಸಲೆಂದು ಭಾವನ ಮನೆಯಲ್ಲಿಳಿದೆವು. ಅಲ್ಲಿ ನಮಗಾಗಿಯೇ ಹೋಳಿಗೆ ಮಾಡಿದ್ದರು.

“ಒಂದು ಚೂರಾದರೂ ತಿನ್ನಿ ಭಾವ. ಹರ್ನಿಯಾಕ್ಕೆ ಹೋಳಿಗೆ ಆಗದು ಅಂತ ಯಾವ ಡಾಕ್ಟ್ರು ಹೇಳಿದ್ದು?”

ಅತ್ತಿಗೆ ತುಪ್ಪದ ಗಿಂಡಿ ಹಿಡಿದು ನಿಂತಿದ್ದರು. ನಮ್ಮಲ್ಲಿ ಎಲೆಗೆ ಕೈ ಅಡ್ಡ ಹಿಡಿಯುವುದೆಂದರೆ ಬಡಿಸುವವರ ಪ್ರೀತಿಗೇ ಅಡ್ಡ ಹಿಡಿದಂತೆ. ಮನೆಯಾಕೆ ನಮ್ಮ ಮುಖ ನೋಡಿದಳು. “ಹರ್ನಿಯಾ ಅಲ್ಲ ಭಾವ” ಎಂದು ಮೊದಲ್ಗೊಂಡು ಎಲ್ಲವನ್ನೂ ಹೇಳಿದೆವು. ಯಾರೂ ನಗಲಿಲ್ಲ. ಭಾವ ಬಹಳ ಹೊತ್ತು ಸುಮ್ಮನಿದ್ದು, “ನನ್ನದು ನೂರ ಹತ್ತುಂಟು” ಎಂದರು. ಅತ್ತಿಗೆ ಒಳಗೆ ಹೋಗಿ ಹೆಸರುಬೇಳೆಯನ್ನು ನುಣ್ಣಗೆ ಬೇಯಿಸಿ, ಮಸೆದು, ಮೊಮ್ಮಗುವಿನ ಬೆಳ್ಳಿಯ ಬಟ್ಟಲಿನಲ್ಲಿ ತಂದರು. ಆರು ಚಮಚೆಗೆ ಸಾಕಾಯಿತು.

ಊರಲ್ಲಿ ಸುದ್ದಿ ನಮಗಿಂತ ಮೊದಲೇ ತಲುಪಿತ್ತು. ನಕ್ಕವರೂ ಇದ್ದರು, ರಾತ್ರಿ ಗುಟ್ಟಾಗಿ ಬಂದು ವಿವರ ಕೇಳಿದವರೂ ಇದ್ದರು. ಮೂರನೆಯ ವಾರ ತೂಕ ಇಳಿಯದೆ ನಿಂತೇಬಿಟ್ಟಾಗ ದುಡ್ಡೆಲ್ಲ ನೀರಿಗೆ ಹೋಯಿತೆಂದು ಹೆದರಿದೆವು. ಅದು ಹಲವರಿಗೆ ಆಗುವಂತಹುದೇ ಎಂದು ಫೋನಿನಲ್ಲಿ ವೈದ್ಯರು ಹೇಳಿದರು, ಒಂದು ವಾರದಲ್ಲಿ ಮತ್ತೆ ಇಳಿಯತೊಡಗಿತು. ಜೀವಸತ್ವದ ಮಾತ್ರೆಗಳು ಜನ್ಮಕ್ಕಂಟಿದವು. ಈಗ ನಾಲ್ಕನೆಯ ತಿಂಗಳಲ್ಲಿ ಬಾಚಣಿಗೆ ತುಂಬ ಕೂದಲು ಬರುತ್ತಿದೆ, ಇದ್ದದ್ದೇ ಸ್ವಲ್ಪ.

ಜೂನ್ ಮೊದಲಿಗೆ ಶಾಲೆ ತೆರೆಯಿತು. ಆಗ ನಾಲ್ಕನೆಯ ವಾರ ಮುಗಿಯುತ್ತಿತ್ತು, ಮೆತ್ತಗಿನದನ್ನು ತಿನ್ನಬಹುದೆಂದಿದ್ದರು. ತೂಕ 112. ಮಧ್ಯಾಹ್ನ ಅಡುಗೆಯ ಅಕ್ಕ ನಮಗೆಂದು ಬೇಳೆಯನ್ನೂ ಎರಡು ಚಮಚೆ ಅನ್ನವನ್ನೂ ಚೆನ್ನಾಗಿ ಹಿಸುಕಿ, ಮಕ್ಕಳ ಒಂದು ಸಣ್ಣ ತಟ್ಟೆಯಲ್ಲಿ ಕುರ್ಚಿಯ ಎದುರಿಗಿಟ್ಟಿದ್ದಳು. ತಟ್ಟೆಯನ್ನೆತ್ತಿಕೊಂಡು, ಒಂದು ಕೈಯಲ್ಲಿ ಗೋಡೆ ಹಿಡಿದು ಮೆಲ್ಲನೆ ಇಳಿದು, ಒಂದನೆಯ ತರಗತಿಯ ಸಾಲಿನ ಕೊನೆಯಲ್ಲಿ ಚಾಪೆಯ ಮೇಲೆ ಕುಳಿತೆವು. ಮೊದಲು ಬೇಳೆ, ಆಮೇಲೆ ಅನ್ನ, ಒಂದೊಂದು ತುತ್ತನ್ನೂ ನೀರಾಗುವವರೆಗೆ ಅಗಿಯಬೇಕು. ಪಕ್ಕದ ಪುಟ್ಟ ಹುಡುಗಿ ತಟ್ಟೆ ತೊಳೆದು ಬಂದು, ಒದ್ದೆ ಕೈಗಳನ್ನು ಲಂಗಕ್ಕೆ ಒರೆಸುತ್ತ ನಮ್ಮೆದುರು ನಿಂತಳು.

“ಮಾಷ್ಟ್ರೇ, ನಿಮ್ಮದು ಇನ್ನೂ ಮುಗೀಲಿಲ್ವಾ?”