ಹೇಗಿದೆ ಫೋಟೋ?

ಫೋಟೋ ತೋರಿಸಿ "ಹೇಗಿದೆ?" ಎಂದು ಕೇಳುವವರ ಕಣ್ಣು ಫೋಟೋದ ಮೇಲೆ ಇರುವುದಿಲ್ಲ, ನಮ್ಮ ಮುಖದ ಮೇಲಿರುತ್ತದೆ. ನಮ್ಮ ಹುಬ್ಬು ಎಷ್ಟು ಮೇಲೇರಿತು, ತುಟಿ ಎತ್ತ ಹೊರಳಿತು, ಮುಂದಿನದಕ್ಕೆ ಸರಿಸುವ ಮೊದಲು ಬೆರಳು ಎಷ್ಟು ಹೊತ್ತು ತಡೆಯಿತು ಎಂಬುದನ್ನೆಲ್ಲ ಅವರು ಲೆಕ್ಕ ಹಾಕುತ್ತಿರುತ್ತಾರೆ. ಈ ತಪಾಸಣೆಗೆ ಹೆದರಿಯೇ ಇರಬೇಕು, ಹವ್ಯಾಸಿ ಛಾಯಾಗ್ರಾಹಕರಾದ ನಮ್ಮಲ್ಲಿ ಕೆಲವು ಸಿದ್ಧ ಉತ್ತರಗಳು ಚಾಲ್ತಿಯಲ್ಲಿವೆ. "ಸೂಪರ್ ಸಾರ್" ಎಂಬುದು ಎಲ್ಲ ಕಾಲಕ್ಕೂ ಸಲ್ಲುವಂಥದ್ದು. ಫೋಟೋ ಅಷ್ಟಾಗಿ ಹಿಡಿಸದಿದ್ದರೆ "ಲೈಟಿಂಗ್ ಚೆನ್ನಾಗಿ ಬಂದಿದೆ." ಏನೂ ತೋಚದೇ ಹೋದರೆ "ಯಾವ ಲೆನ್ಸು?" ಈ ಕಡೆಯದರಲ್ಲಿ ಒಂದು ಅನುಕೂಲವಿದೆ. ಕೇಳಿದ ಕೂಡಲೇ ಎದುರಿನವರು ಲೆನ್ಸಿನ ಬೆಲೆ, ತೂಕ, ಇನ್ನೂ ಕಟ್ಟಬೇಕಾದ ಕಂತು ಎಲ್ಲವನ್ನೂ ಹೇಳಲು ಶುರು ಮಾಡುತ್ತಾರೆ. ಫೋಟೋ ಪಕ್ಕಕ್ಕೆ ಸರಿಯುತ್ತದೆ, ನಾವು ಪಾರಾಗುತ್ತೇವೆ.

ಮೈಸೂರಿನ ನಮ್ಮ ಬಳಗಕ್ಕೆ ಹೆಸರಿಲ್ಲ, ರಸೀತಿ ಪುಸ್ತಕವಿಲ್ಲ, ಅಧ್ಯಕ್ಷರೂ ಇಲ್ಲ. ನಿವೃತ್ತ ಮೇಷ್ಟ್ರೊಬ್ಬರ ಮನೆಯ ಮಹಡಿ, ಅಲ್ಲೊಂದು ದೊಡ್ಡ ಟೀವಿ, ಕೆಳಗಿನಿಂದ ಬರುವ ಟೀ, ಇಷ್ಟೇ ಆಸ್ತಿ. ಹಲ್ಲಿನ ಡಾಕ್ಟರೊಬ್ಬರು, ಬ್ಯಾಂಕಿನವರೊಬ್ಬರು, ಬಟ್ಟೆ ಅಂಗಡಿಯವರೊಬ್ಬರು, ಕಾಲೇಜಿಗೆ ಹೋಗುವ ಕೆಲವು ಮಕ್ಕಳು ಸೇರುತ್ತಾರೆ. ಮೇಷ್ಟ್ರು ಮಾಡಿಟ್ಟ ಕಾನೂನು ಒಂದೇ. ಫೋಟೋ ತೆಗೆದವರು ಮೊದಲು ಬಾಯಿ ಬಿಡುವಂತಿಲ್ಲ. ಕನಿಷ್ಠ ಇಬ್ಬರು ನೋಡಿ ಮಾತಾಡಿದ ಮೇಲೆಯೇ ಅವರ ಕಥೆ.

ಹೊಸಬರಿಗೆ ಇದು ಶಿಕ್ಷೆಯಂತೆಯೇ ಕಾಣುತ್ತದೆ. ಹವ್ಯಾಸಿಗೆ ಫೋಟೋಕ್ಕಿಂತ ಅದರ ಹಿಂದಿನ ಕಥೆಯ ಮೇಲೆ ಮೋಹ ಹೆಚ್ಚು. ರಂಗನತಿಟ್ಟಿಗೆ ಕತ್ತಲಲ್ಲೇ ಹೊರಟಿದ್ದು, ದೋಣಿಗಾಗಿ ಕಾದಿದ್ದು, ಇನ್ನೇನು ಕ್ಲಿಕ್ಕಿಸಬೇಕು ಅನ್ನುವಾಗ ಪಕ್ಕದ ಸೀಟಿನ ಮಗು ಮೊಸಳೆ ಕಂಡು ಕಿರುಚಿದ್ದು, ಆದರೂ ಹಕ್ಕಿ ಕೂತಲ್ಲೇ ಕೂತದ್ದು! ಇಷ್ಟನ್ನೂ ಕೇಳಿಸಿಕೊಂಡ ಮೇಲೆ ಯಾರಿಗೆ ತಾನೇ ಆ ಫೋಟೋ ಸಪ್ಪೆ ಎನ್ನಲು ನಾಲಿಗೆ ಏಳುತ್ತದೆ? ತೆಗೆದವರಿಗೆ ಅದರಲ್ಲಿ ಇಡೀ ಒಂದು ಬೆಳಗು ಕಾಣುತ್ತಿರುತ್ತದೆ. ನಮಗೆ ಕಾಣುವುದು ಬೂದು ಬಂಡೆಯ ಮೇಲೆ ಕೂತ ಬೂದು ಹಕ್ಕಿ. ಆ ಬೆಳಗಿನಲ್ಲಿ ಎಷ್ಟು ಭಾಗ ಫೋಟೋದೊಳಕ್ಕೆ ಇಳಿಯಿತು, ಎಷ್ಟು ದೋಣಿಯಲ್ಲೇ ಉಳಿಯಿತು ಎಂದು ಹೇಳಬಲ್ಲವರು ಅವತ್ತು ದೋಣಿ ಹತ್ತದೇ ಇದ್ದವರು ಮಾತ್ರ. ಸ್ನೇಹಿತರ ಫೋಟೋ ಬಗ್ಗೆ ಮಾತಾಡುವುದಕ್ಕೆ ನಮಗಿರುವ ಅರ್ಹತೆಯೂ ಇದೊಂದೇ. ನಾವು ಅಲ್ಲಿರಲಿಲ್ಲ.

ಬ್ಯಾಂಕಿನವರು ಒಮ್ಮೆ ಕಂಬಳದ ಫೋಟೋ ತಂದಿದ್ದರು. ನವೆಂಬರಿನಿಂದ ಮಾರ್ಚಿನವರೆಗೆ ದಕ್ಷಿಣ ಕನ್ನಡ, ಉಡುಪಿ ಕಡೆ ಕಂಬಳ ನಡೆಯುವಲ್ಲೆಲ್ಲ ಓಟ ಮುಗಿಯುವ ಮಂಜೊಟ್ಟಿಯ ಹತ್ತಿರ ಕ್ಯಾಮೆರಾದವರ ಸಾಲೇ ನಿಂತಿರುತ್ತದೆ. ಎಲ್ಲರದ್ದೂ ಉದ್ದನೆಯ ಲೆನ್ಸು, ಎಲ್ಲರದ್ದೂ ಒಂದೇ ದಿಕ್ಕು. ಹಾಗಾಗಿ ಎದುರಿಗೆ ನುಗ್ಗಿ ಬರುವ ಜೋಡಿ ಕೋಣ, ಮೇಲೆದ್ದ ಕೆಸರುನೀರು, ಹಿಂದೆ ಓಡಿಸುವವನು, ಈ ಚಿತ್ರವನ್ನು ನಾವೆಲ್ಲರೂ ಎಷ್ಟೋ ಸಲ ನೋಡಿದ್ದೆವು. ಬ್ಯಾಂಕಿನವರದ್ದೂ ಅದೇ. ಡಾಕ್ಟರು "ಒಳ್ಳೇ ಆಕ್ಷನ್" ಎಂದರು. ಅಂಗಡಿಯವರು ಶಟರ್ ಸ್ಪೀಡ್ ಎಷ್ಟು ಎಂದು ಕೇಳಲು ಹೊರಟು, ಕಾನೂನು ನೆನಪಾಗಿ ಸುಮ್ಮನಾದರು.

ಮೇಷ್ಟ್ರು ಎದ್ದು ಹೋಗಿ ಟೀವಿಯ ಮೇಲೆ ಬೆರಳಿಟ್ಟರು. "ಇಲ್ಲಿ ನೋಡಿ ರಾಯರೇ, ಓಡಿಸುವವನ ಮುಖ ನೀರಿನ ಹಿಂದೆ ಹೋಗಿಬಿಟ್ಟಿದೆ. ನೀರೂ ಪೂರ್ತಿ ಬೆಳ್ಳಗಾಗಿದೆ, ಹನಿ ಕಾಣಲ್ಲ. ಬಿಸಿಲು ಜೋರಿತ್ತು ಅಂತ ಕಾಣುತ್ತೆ, ಎಕ್ಸ್‌ಪೋಶರ್ ಸ್ವಲ್ಪ ಇಳಿಸಬೇಕಿತ್ತು." ಬೆರಳು ಹಾಗೆಯೇ ಬಲಕ್ಕೆ ಜಾರಿ ಅಂಚಿನಲ್ಲಿ ನಿಂತಿತು. ಅಲ್ಲಿ ಕೋಣ ಓಡುವ ಕರೆಯ ದಂಡೆಯ ಮೇಲೆ ಒಬ್ಬ ಅಜ್ಜ ನಿಂತಿದ್ದ. ಬಿಳಿ ಪಂಚೆಗೆಲ್ಲ ಕೆಸರು ಸಿಡಿದಿದೆ, ಕನ್ನಡಕದ ಒಂದು ಗಾಜು ಪೂರ್ತಿ ಮುಚ್ಚಿಹೋಗಿದೆ, ಉಳಿದ ಒಂದು ಕಣ್ಣಲ್ಲೇ ನಗುತ್ತಿದ್ದಾನೆ. "ಇಡೀ ಫೋಟೋದಲ್ಲಿ ಸರಿಯಾಗಿ ಕಾಣೋ ಮುಖ ಇದೊಂದೇ. ನೀವು ಇವನನ್ನ ನೋಡಿದ್ರಾ?"

ಬ್ಯಾಂಕಿನವರು ನೋಡಿರಲಿಲ್ಲ. ತಮ್ಮದೇ ಫೋಟೋವನ್ನು ಅವರು ಆಗ ಮೊದಲ ಸಲ ನೋಡುವವರಂತೆ ಟೀವಿ ಹತ್ತಿರ ಹೋಗಿ ನಿಂತರು. ಮರುವರ್ಷ ಅವರು ತಂದ ಕಂಬಳದ ಫೋಟೋಗಳಲ್ಲಿ ಒಂದೇ ಒಂದು ಕೋಣ ಇರಲಿಲ್ಲ. ಇದ್ದವರೆಲ್ಲ ದಂಡೆಯ ಮೇಲಿನ ಜನ.

ಮೇಷ್ಟ್ರು ಹೇಳಿದ್ದರಲ್ಲಿ ದೊಡ್ಡ ಸಿದ್ಧಾಂತವೇನೂ ಇರಲಿಲ್ಲ ಎಂಬುದನ್ನು ಗಮನಿಸಬೇಕು. ಬೆರಳಿಡಲು ಜಾಗವೊಂದಿತ್ತು. "ಸ್ವಲ್ಪ ಪಂಚ್ ಕಮ್ಮಿ", "ಏನೋ ಮಿಸ್ ಹೊಡೀತಿದೆ" ಎಂದೆಲ್ಲ ಗಾಳಿಯಲ್ಲಿ ತೇಲಿಸುವ ಮಾತಿಗೆ ಈ ಸೌಕರ್ಯವಿಲ್ಲ. ಕೇಳಿದವರು ಮನೆಗೆ ಹೋಗಿ ರಾತ್ರಿಯೆಲ್ಲ ಹೊರಳಾಡಬಹುದೇ ಹೊರತು, ಮರುದಿನ ಕ್ಯಾಮೆರಾದಲ್ಲಿ ಯಾವ ಗುಂಡಿ ತಿರುಗಿಸಬೇಕು ಎಂದು ಅವರಿಗೆ ತಿಳಿಯುವುದಿಲ್ಲ. ಹೊಗಳಿಕೆಗೂ ಇದು ಅನ್ವಯಿಸುತ್ತದೆ. "ಮಿಂಚುಳ್ಳಿಯ ಕಣ್ಣಲ್ಲಿ ಬೆಳಕಿನ ಚುಕ್ಕೆ ಸಿಕ್ಕಿದೆ, ಅದಕ್ಕೇ ಜೀವ ಬಂದಿದೆ" ಎಂದರೆ, ಮುಂದಿನ ಸಲ ಅವರು ಆ ಚುಕ್ಕೆಗಾಗಿ ಕಾಯುತ್ತಾರೆ. "ಸೂಪರ್" ಎಂದರೆ ಯಾವುದಕ್ಕೆ ಕಾಯುವುದು?

ಅಂಚು, ಮೂಲೆಗಳ ವಿಚಾರ ಬಂದಿದ್ದರಿಂದ ಒಂದು ಹಳೆಯ ಜಗಳ ಹೇಳಬೇಕು. ಡೊರೊಥಿಯಾ ಲ್ಯಾಂಗ್ 1936ರಲ್ಲಿ ಕ್ಯಾಲಿಫೋರ್ನಿಯಾದ ನಿಪೋಮೊದಲ್ಲಿ ತೆಗೆದ 'ಮೈಗ್ರೆಂಟ್ ಮದರ್' ಚಿತ್ರವನ್ನು ನೋಡದವರು ಕಡಿಮೆ. ಗುಡಾರದಲ್ಲಿ ಕೂತ ತಾಯಿ, ಭುಜಕ್ಕೆ ಮುಖ ಮರೆಸಿಕೊಂಡ ಇಬ್ಬರು ಮಕ್ಕಳು, ಮಡಿಲಲ್ಲಿ ಕೂಸು. ಅದರ ಕೆಳಗಿನ ಬಲಮೂಲೆಯಲ್ಲಿ ಗುಡಾರದ ಕಂಬ ಹಿಡಿದ ಒಂದು ಹೆಬ್ಬೆರಳು ಇತ್ತು. ಲ್ಯಾಂಗ್‌ಗೆ ಅದು ಕಿರಿಕಿರಿಯಾಗಿ, ಕೆಲವು ವರ್ಷಗಳ ಮೇಲೆ ನೆಗೆಟಿವ್‌ನಲ್ಲೇ ತಿದ್ದಿಸಿಬಿಟ್ಟರು. ಅವರ ಮೇಲಧಿಕಾರಿ ರಾಯ್ ಸ್ಟ್ರೈಕರ್‌ಗೆ ಇದು ಸರಿಬೀಳಲಿಲ್ಲ. ಸರ್ಕಾರಿ ದಾಖಲೆಯನ್ನು ತಿದ್ದುವುದುಂಟೆ ಎಂಬುದು ಅವರ ತಕರಾರು. ಸೂಕ್ಷ್ಮವಾಗಿ ನೋಡಿದರೆ ಆ ಬೆರಳಿನ ಮಸುಕು ಗುರುತು ಇವತ್ತಿಗೂ ಕಾಣುತ್ತದೆ. ನನಗೇನೋ ಹೆಬ್ಬೆರಳು ಇದ್ದರೇ ವಾಸಿ ಅನ್ನಿಸುತ್ತದೆ, ಅಂಗಡಿಯವರು ಒಪ್ಪುವುದಿಲ್ಲ. ಅಷ್ಟು ದೊಡ್ಡವರ ಮೂಲೆಯಲ್ಲೇ ಹೆಬ್ಬೆರಳು ಉಳಿಯಬಹುದಾದರೆ, ನಮ್ಮ ದಸರಾ ಫೋಟೋಗಳಲ್ಲಿ ಆನೆಯ ನೆತ್ತಿಯಿಂದ ಲೈಟುಕಂಬ ಮೊಳೆತರೆ ಆಶ್ಚರ್ಯವಿಲ್ಲ.

ಮೇಷ್ಟ್ರ ಬಳಿ ಪ್ರಿಂಟುಗಳ ಕಾಲದ ಎರಡು ಕಪ್ಪು ರಟ್ಟುಗಳಿವೆ. ಒಂದೊಂದೂ ಇಂಗ್ಲಿಷಿನ 'ಎಲ್' ಅಕ್ಷರದಂತೆ ಕತ್ತರಿಸಿದ್ದು. ಎದುರುಬದುರಾಗಿ ಜೋಡಿಸಿ ಪ್ರಿಂಟಿನ ಮೇಲಿಟ್ಟರೆ ಬೇಕಾದ ಅಳತೆಯ ಚೌಕಟ್ಟಾಗುತ್ತದೆ, ಹಿಂದೆ ಮುಂದೆ ಸರಿಸುತ್ತ ಎಲ್ಲಿ ಕ್ರಾಪ್ ಮಾಡಿದರೆ ಚಿತ್ರ ಗಟ್ಟಿಯಾಗುತ್ತದೆ ಎಂದು ನೋಡಬಹುದು. ಮೇಷ್ಟ್ರು ತಾವು ಸರಿಸುವುದಿಲ್ಲ, ಫೋಟೋ ತೆಗೆದವರ ಕೈಗೇ ರಟ್ಟು ಕೊಡುತ್ತಾರೆ. ಸಾಫ್ಟ್‌ವೇರಿನಲ್ಲಿ ಇದೇ ಕೆಲಸ ಚಿಟಿಕೆಯಲ್ಲಿ ಆಗುತ್ತದೆ, ನಿಜ. ಆದರೆ ಅಲ್ಲಿ ಮೌಸ್ ಹಿಡಿದವರು ಯಾವಾಗಲೂ ಬುದ್ಧಿ ಹೇಳುವವರು.

ಬುದ್ಧಿ ಹೇಳುವವರಲ್ಲೂ ಒಂದು ಜಾತಿ ನನಗೆ ಸಹಿಸುವುದಕ್ಕಾಗುವುದಿಲ್ಲ. "ನಾನಾಗಿದ್ದರೆ" ಎಂದೇ ಶುರು ಮಾಡುವವರು. ನಾನಾಗಿದ್ದರೆ ಕೆಳಗೆ ಕೂತು ತೆಗೀತಿದ್ದೆ, ನಾನಾಗಿದ್ದರೆ ಕಪ್ಪು-ಬಿಳುಪು ಮಾಡ್ತಿದ್ದೆ. ಅವರಿಗೆ ಎದುರಿಗಿರುವ ಫೋಟೋ ಕಾಣುವುದಿಲ್ಲ, ತಾವು ತೆಗೆಯದೇ ಹೋದ ಫೋಟೋ ಕಾಣುತ್ತದೆ. ಇವರ ತಮ್ಮಂದಿರು ಚೌಕಟ್ಟನ್ನು ಮೂರು ಮೂರು ಭಾಗ ಮಾಡಿ ಗೆರೆ ಎಳೆದು, ಗೆರೆ ಸೇರುವಲ್ಲಿ ವಸ್ತು ಇಲ್ಲದಿದ್ದರೆ ಫೇಲು ಮಾಡುವವರು. ಪ್ಯಾರಿಸ್ಸಿನ ಸೇಂಟ್ ಲಜಾರ್ ನಿಲ್ದಾಣದ ಹಿಂದೆ ನೀರಿನ ಮಡುವು ದಾಟಲು ನೆಗೆದ ಮನುಷ್ಯನನ್ನು ಆಂರಿ ಕಾರ್ತಿಯೆ-ಬ್ರೆಸೊ 1932ರಲ್ಲಿ ಹಿಡಿದರಲ್ಲ, ಆ ಮನುಷ್ಯ ಚೌಕಟ್ಟಿನ ಬಲ ಅಂಚಿಗೇ ಹೋಗಿಬಿಟ್ಟಿದ್ದಾನೆ, ಸಾಲದ್ದಕ್ಕೆ ಬ್ಲರ್ ಆಗಿದ್ದಾನೆ. ಕ್ರಾಪ್ ಮಾಡುವುದನ್ನು ಒಪ್ಪದ ಕಾರ್ತಿಯೆ-ಬ್ರೆಸೊ ಕೂಡ ಈ ಚಿತ್ರವನ್ನು ಕ್ರಾಪ್ ಮಾಡಿದ್ದರು. ಸೂತ್ರ ಕಲಿಯುವುದು ಒಳ್ಳೆಯದೇ. ಫೋಟೋ ನೋಡುವ ಮೊದಲೇ ಸೂತ್ರ ತೆಗೆಯುವುದು ಬೇಡ.

ಸ್ಪರ್ಧೆಯ ತೀರ್ಪಿನ ದಾರಿ ಬೇರೆ. ಅದಕ್ಕೂ ನಮ್ಮಲ್ಲಿ ದೊಡ್ಡ ಪರಂಪರೆಯಿದೆ. ಡಾ. ಜಿ. ಥಾಮಸ್ 1953ರಲ್ಲಿ ಫೆಡರೇಷನ್ ಆಫ್ ಇಂಡಿಯನ್ ಫೋಟೋಗ್ರಫಿ ಕಟ್ಟಿದ್ದು ಬೆಂಗಳೂರಿನಲ್ಲಿ, 1971ರಲ್ಲಿ ಯೂತ್ ಫೋಟೋಗ್ರಫಿಕ್ ಸೊಸೈಟಿ ಶುರುವಾದದ್ದೂ ಅಲ್ಲೇ. ಸ್ಪರ್ಧೆಯಲ್ಲಿ ತೀರ್ಪುಗಾರರು ಒಂದೊಂದು ಚಿತ್ರಕ್ಕೆ ಕೆಲವೇ ಕ್ಷಣ ಕೊಟ್ಟು ಅಂಕ ಹಾಕುತ್ತಾರೆ. ರಾಶಿ ರಾಶಿ ಚಿತ್ರ ಬಂದಾಗ ಬೇರೆ ದಾರಿಯೂ ಇಲ್ಲ. ಆದರೆ ಅಂಕ ಏಕೆ ಕಡಿಮೆಯಾಯಿತು ಎಂದು ಅಂಕ ಹೇಳುವುದಿಲ್ಲ. ವನ್ಯಜೀವಿ ಛಾಯಾಗ್ರಹಣದಲ್ಲಿ ದೊಡ್ಡ ಹೆಸರಾದ ಟಿ.ಎನ್.ಎ. ಪೆರುಮಾಳ್ ತಾವು ಓ.ಸಿ. ಎಡ್ವರ್ಡ್ಸ್ ಅವರಿಂದ ಕಲಿತು, ಮುಂದೆ ಎಷ್ಟೋ ಮಂದಿಗೆ ಕಲಿಸಿದರು. ಆ ವಿದ್ಯೆ ಹರಿದದ್ದು ಪಕ್ಕದಲ್ಲಿ ಕೂತು ಚಿತ್ರ ನೋಡುವುದರಿಂದ.

ಒಂದು ವಿಷಯದಲ್ಲಿ ಮಾತ್ರ ಮೇಷ್ಟ್ರು ಸ್ನೇಹ, ಸಂಕೋಚ ಎರಡನ್ನೂ ಬದಿಗಿಡುತ್ತಾರೆ. ಗೂಡಿನ ಫೋಟೋ. ಮರಿಗಳು ಬಾಯ್ದೆರೆದು ಕೂತ ಗೂಡು, ಮುಂದೆ ಇರಬೇಕಾದ ಎಲೆಗಳೇ ಇಲ್ಲ. ಯಾರೋ ಕೊಂಬೆ ಸರಿಸಿದ್ದಾರೆ ಅಥವಾ ಕತ್ತರಿಸಿದ್ದಾರೆ ಎಂದೇ ಅರ್ಥ. ಮರೆ ಹೋದರೆ ಬಿಸಿಲು ನೇರ ಬೀಳುತ್ತದೆ, ಕಾಗೆಗೂ ದಾರಿ ಸುಲಭವಾಗುತ್ತದೆ. ಎಷ್ಟೋ ಸ್ಪರ್ಧೆಗಳು ಗೂಡಿನ ಚಿತ್ರಗಳನ್ನು ಈಗ ಸ್ವೀಕರಿಸುವುದೇ ಇಲ್ಲ. ಇಲ್ಲಿ "ಬಣ್ಣ ಚೆನ್ನಾಗಿದೆ, ಆದರೆ" ಎಂದು ಶುರು ಮಾಡುವುದಿಲ್ಲ, "ಇನ್ನು ಮೇಲೆ ತೆಗೀಬೇಡಿ" ಎಂದೇ ಮೇಷ್ಟ್ರು ಹೇಳುವುದು. ಹಾಗೆಯೇ ಹಕ್ಕಿಯ ಮುಂದೆ ಅಡ್ಡ ಬಂದ ಕಡ್ಡಿಯನ್ನು "ಕಂಪ್ಯೂಟರಿನಲ್ಲಿ ಅಳಿಸಿಬಿಡಿ" ಎಂದು ಹೇಳುವವರೂ ಎಚ್ಚರವಾಗಿರಬೇಕು. ಸ್ಪರ್ಧೆಗಳ ಪ್ರಕೃತಿ ವಿಭಾಗದಲ್ಲಿ ಕ್ರಾಪ್ ಮಾಡಲು ಅಡ್ಡಿಯಿಲ್ಲ, ಇದ್ದದ್ದನ್ನು ಅಳಿಸುವುದಕ್ಕೂ ಇಲ್ಲದ್ದನ್ನು ಸೇರಿಸುವುದಕ್ಕೂ ಅವಕಾಶವಿಲ್ಲ. ಸಲಹೆ ಕೊಟ್ಟವರು ಮನೆಯಲ್ಲಿ ಆರಾಮಾಗಿರುತ್ತಾರೆ, ಅನರ್ಹವಾಗುವುದು ಪಾಪ ಕೇಳಿದವರ ಫೋಟೋ.

ಮಾತಾಡುವುದಕ್ಕಿಂತ ಕೇಳುವುದೇ ಹೆಚ್ಚು ಕೆಲಸ ಮಾಡುವ ಸಂದರ್ಭಗಳೂ ಇವೆ. ಕಾಲೇಜಿನ ಹುಡುಗಿಯೊಬ್ಬಳು ಮೊಬೈಲಿನಲ್ಲಿ ತೆಗೆದ ಫೋಟೋ ತಂದಳು. ತಾರಸಿಯ ಮೇಲೆ ಪ್ಲಾಸ್ಟಿಕ್ ಹಾಳೆ, ಸಾಲಾಗಿ ಅರಳು ಸಂಡಿಗೆ, ಅದರ ಮುಂದೆ ಬಗ್ಗಿ ಕೂತ ಅಜ್ಜಿ. ಡಾಕ್ಟರು ಫೋಟೋ ಓರೆಯಾಗಿದೆ ಎಂದರು, ನಾನು ಬೆಳಕು ಅಜ್ಜಿಯ ಕೈಮೇಲೆ ಚೆನ್ನಾಗಿ ಬಿದ್ದಿದೆ ಎಂದೆ. ಎರಡೂ ಸರಿ, ಎರಡರಿಂದಲೂ ಅವಳ ಮುಖದಲ್ಲಿ ಏನೂ ಬದಲಾಗಲಿಲ್ಲ.

"ಯಾಕಮ್ಮ ಇದನ್ನ ತೆಗೀಬೇಕು ಅನ್ನಿಸ್ತು?" ಎಂದರು ಮೇಷ್ಟ್ರು.

"ಅಜ್ಜಿ ಒಂದೊಂದು ಸಂಡಿಗೆ ಇಡೋವಾಗ್ಲೂ ಬೆರಳನ್ನ ನೀರಲ್ಲಿ ಅದ್ದಿಕೊಳ್ತಾರೆ ಸಾರ್. ನೋಡ್ದೇನೇ ಅದ್ದುತ್ತಾರೆ. ಅದು ಚೆನ್ನಾಗಿತ್ತು."

"ನೀರು ಎಲ್ಲಿ?"

"ಎಡಗಡೆ ಪ್ಲಾಸ್ಟಿಕ್ ಮಗ್ಗಲ್ಲಿತ್ತು ಸಾರ್. ಒಡೆದ ಮಗ್ಗು. ಫೋಟೋದಲ್ಲಿ ಚೆನ್ನಾಗಿ ಕಾಣಲ್ಲ ಅಂತ ಬಿಟ್ಟೆ."

ಆಮೇಲೆ ಯಾರೂ ಏನನ್ನೂ ಹೇಳಬೇಕಾಗಲಿಲ್ಲ. ಹುಡುಗಿ ಮೊಬೈಲನ್ನು ವಾಪಸು ತೆಗೆದುಕೊಂಡು, "ಇನ್ನೂ ಹಪ್ಪಳ ಬಾಕಿ ಇದೆ ಸಾರ್, ಅಜ್ಜಿ ಮುಂದಿನ ವಾರ ಒತ್ತುತ್ತಾರೆ" ಎಂದಳು.

ಅಭಿಪ್ರಾಯ ಹೇಳುವವರ ವಿಚಾರವನ್ನೇ ಇಷ್ಟು ಹೊತ್ತು ಹೇಳಿದ್ದಾಯಿತು. ಕೇಳುವವರಿಗೂ ಒಂದು ವಿನಂತಿ. ಒಂದು ಸಫಾರಿಯಿಂದ ಬಂದವರು ಎಂಟುನೂರು ಫೋಟೋಗಳ ಪೆನ್‌ಡ್ರೈವ್ ತಂದು ಚುಚ್ಚಿ, ಒಂದೇ ಜಿಂಕೆ ತಲೆ ಎತ್ತಿದ್ದು, ಇಳಿಸಿದ್ದು, ಮತ್ತೆ ಎತ್ತಿದ್ದು ಎಲ್ಲವನ್ನೂ ತೋರಿಸಿದರೆ ಯಾವ ಸ್ನೇಹವೂ ತಡೆಯುವುದಿಲ್ಲ, "ಸೂಪರ್ ಸಾರ್" ಎಂದು ಹೇಳಿ ಬಸ್ಸಿನ ಹೊತ್ತಾಯಿತೆಂದು ಎಲ್ಲರೂ ಎದ್ದುಬಿಡುತ್ತಾರೆ. ದಯವಿಟ್ಟು ಮನೆಯಲ್ಲೇ ಕೂತು ಆರಿಸಿ, ಹತ್ತರೊಳಗೆ ತನ್ನಿ. ಒಂದೊಂದರ ಮುಂದೆಯೂ ಟೀ ಆರುವಷ್ಟು ಹೊತ್ತು ಕೂತು ನೋಡಲು ನಾವು ತಯಾರಿದ್ದೇವೆ.